ಇನ್‌ಹೇಲರ್‌ನಿಂದ ಬಾಯಲ್ಲಿ ಪದೇ ಪದೇ ಬಿಳಿ ಮಚ್ಚೆಯೇ? ಔಷಧ ಬಿಡಬೇಡಿ, ಅದು ಹೋಗುವ ದಾರಿ ಸರಿಮಾಡಿ

ಬೆಳಗ್ಗೆ ಹಲ್ಲುಜ್ಜುವಾಗ ಕನ್ನಡಿಯಲ್ಲಿ ನಾಲಿಗೆ ನೋಡಿಕೊಂಡರೆ ಒಡೆದ ಹಾಲು ಮೆತ್ತಿದ ಹಾಗೆ ಬಿಳಿ ಪದರ. ಉಜ್ಜಿದರೆ ಸ್ವಲ್ಪ ಏಳುತ್ತದೆ, ಅಡಿಯಲ್ಲಿ ಕೆಂಪಗೆ ಉರಿ. ಡಾಕ್ಟರ್ ಬಾಯಿಗೆ ಹಾಕುವ ಔಷಧ ಬರೆದುಕೊಡುತ್ತಾರೆ, ವಾರದಲ್ಲಿ ಮಾಯ. ಎರಡು ತಿಂಗಳು ಕಳೆದರೆ ಮತ್ತೆ ಅದೇ ಬಿಳಿ, ಅದೇ ಉರಿ. ಆಸ್ತಮಾಕ್ಕೆ ದಿನಾ ಸ್ಟೀರಾಯ್ಡ್ ಇನ್‌ಹೇಲರ್ ಎಳೆಯುವವರಲ್ಲಿ ಈ ಕಥೆ ಮಾಮೂಲು.

ಮೂರನೇ ಸಲ ಬಂದಾಗ ನಾನು ಸಿಟ್ಟಿಗೆ ಇನ್‌ಹೇಲರನ್ನೇ ಡ್ರಾಯರ್‌ಗೆ ತಳ್ಳಿದ್ದೆ. ಹತ್ತು ದಿನ ಏನೂ ಆಗಲಿಲ್ಲ. ಪರವಾಗಿಲ್ಲ ಅಂದುಕೊಂಡೆ. ಹನ್ನೊಂದನೇ ರಾತ್ರಿ ಹಾಸಿಗೆಯಲ್ಲಿ ಎದ್ದು ಕೂತು ಉಸಿರಿಗೆ ಒದ್ದಾಡಿದೆ. ಮರುದಿನ ಆಸ್ಪತ್ರೆಯಲ್ಲಿ ನರ್ಸ್ ಒಬ್ಬರು, "ಒಂದ್ಸಲ ನನ್ನೆದುರು ಎಳೆದು ತೋರಿಸಿ ನೋಡೋಣ" ಅಂದರು. ತೋರಿಸಿದೆ. "ಅಯ್ಯೋ, ಅಷ್ಟೂ ಔಷಧ ನಾಲಿಗೆಗೇ ಹೊಡ್ಕೊಳ್ತಾ ಇದೀರಲ್ಲ!" ಅಂದರು. ಅಷ್ಟು ದಿನ ಬಾಯಿಗೆ ಮದ್ದು ಮಾಡಿದ್ದೆ, ಕೈ ಮಾಡುತ್ತಿದ್ದ ತಪ್ಪನ್ನು ನೋಡಿರಲಿಲ್ಲ.

ಇದು ಯಾಕೆ ಬರುತ್ತದೆ

ಕ್ಯಾಂಡಿಡಾ ಅನ್ನುವ ಒಂದು ಬಗೆಯ ಫಂಗಸ್ ಆರೋಗ್ಯವಾಗಿರುವ ಎಷ್ಟೋ ಜನರ ಬಾಯಲ್ಲಿ ಸುಮ್ನೆ ಇರುತ್ತದೆ. ಏನೂ ತೊಂದರೆ ಕೊಡುವುದಿಲ್ಲ. ಬಾಯಿಯ ಒಳಚರ್ಮದ ಕಾವಲು ಅದನ್ನು ಹದ್ದುಬಸ್ತಿನಲ್ಲಿ ಇಟ್ಟಿರುತ್ತದೆ. ಸ್ಟೀರಾಯ್ಡ್ ಕೆಲಸವೇ ಉರಿಯೂತ ತಗ್ಗಿಸುವುದು, ಅಂದರೆ ಆ ಕಾವಲನ್ನು ಸ್ವಲ್ಪ ಸಡಿಲಿಸುವುದು. ಶ್ವಾಸನಾಳದಲ್ಲಿ ನಮಗೆ ಬೇಕಾಗಿರುವುದು ಅದೇ. ಅದೇ ಔಷಧ ದಿನಾ ನಾಲಿಗೆ, ಅಂಗುಳ, ಗಂಟಲಿನ ಮೇಲೆ ಕೂತರೆ ಅಲ್ಲಿ ಕ್ಯಾಂಡಿಡಾಕ್ಕೆ ಹಬ್ಬ.

ಬೆಕ್ಲೊಮೆಥಾಸೋನ್, ಬುಡೆಸೊನೈಡ್, ಫ್ಲುಟಿಕಾಸೋನ್, ಮೊಮೆಟಾಸೋನ್ ಇವೆಲ್ಲ ಸ್ಟೀರಾಯ್ಡ್‌ಗಳು. ಶ್ವಾಸನಾಳ ಹಿಗ್ಗಿಸುವ ಫಾರ್ಮೊಟೆರಾಲ್ ಅಥವಾ ಸಾಲ್ಮೆಟೆರಾಲ್ ಜೊತೆ ಬೆರೆಸಿದ ಜೋಡಿ ಇನ್‌ಹೇಲರ್‌ಗಳಲ್ಲೂ ಇವು ಇರುತ್ತವೆ. ಬರೀ ಸಾಲ್ಬುಟಮಾಲ್ ಇರುವ ಇನ್‌ಹೇಲರ್‌ನಲ್ಲಿ ಸ್ಟೀರಾಯ್ಡ್ ಇಲ್ಲ, ಅದರ ಮೇಲೆ ಈ ಆರೋಪ ಹೊರಿಸಬೇಡಿ. ಡಬ್ಬಿಯ ಬಣ್ಣ ನಂಬುವ ಬದಲು ಲೇಬಲ್ ಓದಿ.

ಗುಂಡಿ ಒತ್ತುವ ಹಳೆಯ ಮಾದರಿಯ ಸ್ಪ್ರೇ ಇನ್‌ಹೇಲರ್‌ನಲ್ಲಿ ಹೊರಬಂದ ಔಷಧದ ಹತ್ತರಲ್ಲಿ ಒಂದೆರಡು ಪಾಲು ಶ್ವಾಸಕೋಶ ಸೇರಿದರೆ ಹೆಚ್ಚು. ಉಳಿದದ್ದರಲ್ಲಿ ಬಹುಪಾಲು ಬಾಯಿ, ಗಂಟಲಿಗೆ ಬಡಿಯುತ್ತದೆ. ಸರಿಯಾಗಿ ಎಳೆದರೇ ಹೀಗೆ. ತಪ್ಪಾಗಿ ಎಳೆದರೆ ಕೇಳುವುದೇ ಬೇಡ.

1. ಅದೇ ಹೌದಾ ಅಂತ ನೋಡಿ

ಬೆಳಕಿನಲ್ಲಿ ನಿಂತು ಬಾಯಿ ದೊಡ್ಡದಾಗಿ ತೆರೆಯಿರಿ. ನಾಲಿಗೆ, ಕೆನ್ನೆಯ ಒಳಭಾಗ, ಅಂಗುಳ, ಗಂಟಲಿನ ಹಿಂಭಾಗ ನೋಡಿ. ಹತ್ತಿ ಬಟ್ಟೆಯಿಂದ ಮೆಲ್ಲಗೆ ಒರೆಸಿದರೆ ಏಳುವ ಬಿಳಿ ಮಚ್ಚೆ, ಅಡಿಯಲ್ಲಿ ಕೆಂಪು, ಕೆಲವೊಮ್ಮೆ ಚೂರು ರಕ್ತ ಇದ್ದರೆ ಬಹುತೇಕ ಇದೇ. ಬಿಳಿ ಇಲ್ಲದೆ ಬರೀ ಕೆಂಪಗೆ ಉರಿಯುವ ಬಗೆಯೂ ಉಂಟು. ರುಚಿ ಕೆಟ್ಟಂತೆ, ಬಾಯೊಳಗೆ ಹತ್ತಿ ತುಂಬಿದಂತೆ ಅನ್ನಿಸಬಹುದು. ತುಟಿಯ ಮೂಲೆ ಒಡೆಯಬಹುದು.

ಒರೆಸಿದರೂ ಏಳದ ಬಿಳಿ ಮಚ್ಚೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು ಇದ್ದರೆ ಇದೇ ಇರಬೇಕು ಅಂತ ಕೂರಬೇಡಿ, ಡಾಕ್ಟರಿಗೋ ದಂತವೈದ್ಯರಿಗೋ ತೋರಿಸಿ. ಇನ್ನೊಂದು: ದನಿ ಕಟ್ಟುವುದೂ ಈ ಇನ್‌ಹೇಲರ್‌ಗಳ ಅಡ್ಡಪರಿಣಾಮವೇ. ಬಾಯಲ್ಲಿ ಫಂಗಸ್ ಇಲ್ಲದಿದ್ದರೂ ಅದು ಬರಬಹುದು. ಹಾಗಾದಾಗ ಫಂಗಸ್ ಔಷಧ ಹಾಕಿ ಉಪಯೋಗವಿಲ್ಲ.

2. ಬಂದಿರುವುದನ್ನು ಪೂರ್ತಿ ಕಳೆಯಿರಿ

"ಮತ್ತೆ ಬಂತು" ಅನ್ನುವವರಲ್ಲಿ ಹಲವರಿಗೆ ಅದು ಹೋಗಿಯೇ ಇರುವುದಿಲ್ಲ. ನಾಲ್ಕನೇ ದಿನಕ್ಕೆ ಉರಿ ನಿಂತಿತು ಅಂತ ಬಾಟಲಿ ಮುಚ್ಚಿಟ್ಟಿರುತ್ತಾರೆ. ಫಂಗಸ್ ಔಷಧವಾದ ನಿಸ್ಟಾಟಿನ್ ದ್ರವವನ್ನು ಸಾಮಾನ್ಯವಾಗಿ ದಿನಕ್ಕೆ 4 ಸಲ, 7ರಿಂದ 14 ದಿನ ಕೊಡುತ್ತಾರೆ. ಮಚ್ಚೆ ಮಾಯವಾದ ಮೇಲೂ ಎರಡು ದಿನ ಮುಂದುವರಿಸಬೇಕು. ಊಟ ತಿಂಡಿ ಮುಗಿಸಿ ಹಾಕಿಕೊಳ್ಳಿ. ತಕ್ಷಣ ನುಂಗಬೇಡಿ. ಅದು ತಗುಲಿದ ಜಾಗದಲ್ಲಷ್ಟೇ ಕೆಲಸ ಮಾಡುವ ಔಷಧ, ಹೊಟ್ಟೆಗೆ ಹೋದರೆ ರಕ್ತಕ್ಕೆ ಸೇರುವುದೇ ಇಲ್ಲ ಅನ್ನುವಷ್ಟು ಕಡಿಮೆ. ಬಾಯಲ್ಲಿ ಆದಷ್ಟು ಹೊತ್ತು ಆಚೀಚೆ ಓಡಾಡಿಸಿ. ಆಮೇಲೆ ಅರ್ಧ ಗಂಟೆ ಏನೂ ತಿನ್ನುವುದು ಕುಡಿಯುವುದು ಬೇಡ. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಬಳಸುವವರು ಎರಡನ್ನೂ ಒಟ್ಟೊಟ್ಟಿಗೆ ಹಾಕಬೇಡಿ. ಅದು ನಿಸ್ಟಾಟಿನ್ ಬಲವನ್ನೇ ತಿಂದುಹಾಕುತ್ತದೆ.

ಇದಕ್ಕೆ ಬಗ್ಗದಿದ್ದರೆ ಕ್ಲೋಟ್ರಿಮಜೋಲ್, ಮೈಕೊನಜೋಲ್ ಜೆಲ್, ಫ್ಲುಕೊನಜೋಲ್ ಮಾತ್ರೆ ಇವೆ. ಆಯ್ಕೆ ಡಾಕ್ಟರದ್ದೇ ಇರಲಿ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತಗೊಳ್ಳುವವರಿಗೆ ಮೈಕೊನಜೋಲ್ ಜೆಲ್ ಕೂಡ ಅಪಾಯ, ರಕ್ತಸ್ರಾವ ಆಗಬಹುದು. ಬರೀ ಬಾಯಿಗೆ ಹಚ್ಚುವುದು ತಾನೇ ಅಂತ ಉದಾಸೀನ ಮಾಡುವ ಹಾಗಿಲ್ಲ. ಫ್ಲುಕೊನಜೋಲ್ ಹಲವು ಔಷಧಗಳ ಜೊತೆ ತಕರಾರು ತೆಗೆಯುತ್ತದೆ. ನೀವು ತಗೊಳ್ಳುವ ಮಾತ್ರೆಗಳನ್ನೆಲ್ಲ ಹೇಳಿ, ಗರ್ಭಿಣಿಯಾಗಿದ್ದರೆ ಅದನ್ನೂ ಮೊದಲೇ ಹೇಳಿ.

ಚಿಕಿತ್ಸೆ ಮುಗಿದ ದಿನ ಹಳೆಯ ಟೂತ್‌ಬ್ರಶ್ ಎಸೆಯಿರಿ. ಕಟ್ಟಿಸಿದ ಹಲ್ಲಿನ ಸೆಟ್ ಇದ್ದವರು ಔಷಧ ಹಾಕುವಾಗ ಅದನ್ನು ತೆಗೆದಿಡಬೇಕು. ರಾತ್ರಿಯೂ ತೆಗೆದು, ಉಜ್ಜಿ ತೊಳೆದು, ನೆನೆಸಿಡಬೇಕು. ಫಂಗಸ್ ಆ ಸೆಟ್‌ಗೇ ಅಂಟಿ ಕೂತಿರುತ್ತದೆ.

3. ಎಳೆಯುವ ರೀತಿ ತಿದ್ದಿಕೊಳ್ಳಿ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಎಲ್ಲರೂ ಹಾರಿಸುವ ಹೆಜ್ಜೆಯೂ ಇದೇ. ಹತ್ತು ವರ್ಷದಿಂದ ಎಳೀತಿದ್ದೀನಿ, ನನಗೆ ಗೊತ್ತಿಲ್ವಾ ಅನ್ನುವುದು ನಮ್ಮೆಲ್ಲರ ಮಾತು. ತಪ್ಪನ್ನೂ ಹತ್ತು ವರ್ಷದಿಂದ ಮಾಡುತ್ತಿರುತ್ತೇವೆ, ಅಲ್ವಾ?

ನಿಮ್ಮದು ಗುಂಡಿ ಒತ್ತುವ ಸ್ಪ್ರೇಯಾದರೆ: ಮುಚ್ಚಳ ತೆಗೆದು ಒಳಗೆ ಕಸ ಇಲ್ಲವೆಂದು ನೋಡಿ. ಚೆನ್ನಾಗಿ ಅಲ್ಲಾಡಿಸಿ. ಹೊಸದಾಗಿದ್ದರೆ ಅಥವಾ ಕೆಲ ದಿನ ಬಳಸದಿದ್ದರೆ ಮೊದಲು ಗಾಳಿಗೆ ಸಿಂಪಡಿಸಬೇಕು, ಎಷ್ಟು ಸಲ ಅನ್ನುವುದು ಜೊತೆಗಿರುವ ಚೀಟಿಯಲ್ಲಿರುತ್ತದೆ. ನೆಟ್ಟಗೆ ಕೂತು ಗಲ್ಲ ತುಸು ಮೇಲೆತ್ತಿ. ಒಳಗಿರುವ ಉಸಿರನ್ನು ನಿಧಾನಕ್ಕೆ ಹೊರಬಿಡಿ. ಇನ್‌ಹೇಲರ್‌ನ ಬಾಯನ್ನು ಹಲ್ಲುಗಳ ನಡುವೆ ಇಟ್ಟು ತುಟಿ ಬಿಗಿ ಮಾಡಿ. ನಾಲಿಗೆ ಕೆಳಗಿರಲಿ, ಅಡ್ಡ ಬರಬಾರದು. ಈಗ ಉಸಿರು ಎಳೆಯಲು ಶುರುಮಾಡಿ, ಶುರುವಾದ ಕೂಡಲೇ ಒತ್ತಿ. ಎಳೆಯುವುದನ್ನು ನಿಲ್ಲಿಸಬೇಡಿ, ಸಾವಕಾಶವಾಗಿ ನಾಲ್ಕೈದು ಸೆಕೆಂಡ್ ಎಳೆಯುತ್ತಲೇ ಇರಿ. 10 ಸೆಕೆಂಡ್, ಆಗದಿದ್ದರೆ ಆದಷ್ಟು ಹೊತ್ತು, ಉಸಿರು ಹಿಡಿದು ಬಿಡಿ. ಎರಡನೇ ಪಫ್ ಇದ್ದರೆ ಅರ್ಧ ನಿಮಿಷ ಬಿಟ್ಟು, ಮತ್ತೆ ಅಲ್ಲಾಡಿಸಿ.

ನಾನು ಮಾಡುತ್ತಿದ್ದ ತಪ್ಪು ಎರಡು. ಮೊದಲು ಒತ್ತಿ, ಆಮೇಲೆ ಎಳೆಯುತ್ತಿದ್ದೆ. ಅದೂ ಏದುಸಿರು ಬಿಟ್ಟವರಂತೆ ಒಂದೇ ರಭಸಕ್ಕೆ. ಸ್ಪ್ರೇ ಮಂಜನ್ನು ರಭಸದಿಂದ ಎಳೆದರೆ ಅದು ಗಂಟಲ ತಿರುವಿನಲ್ಲಿ ಬಾಗದೆ ನೇರ ಹಿಂಗೋಡೆಗೆ ಬಡಿಯುತ್ತದೆ. ಕನ್ನಡಿ ಮುಂದೆ ಎಳೆದು ನೋಡಿ. ಬಾಯಿಂದಲೋ ಮೂಗಿನಿಂದಲೋ ಬಿಳಿ ಹೊಗೆ ಹೊರಗೆ ಬಂದರೆ ಆ ಪಫ್ ಬಾಯಲ್ಲೇ ಉಳಿದಿದೆ ಅಂತ ಅರ್ಥ.

ಪುಡಿ ಎಳೆಯುವ ಇನ್‌ಹೇಲರ್‌ಗೆ ಲೆಕ್ಕ ಪೂರಾ ಉಲ್ಟಾ. ಅಲ್ಲಿ ಪುಡಿಯನ್ನು ಬಿಡಿಸಿ ಒಳಗೆ ಒಯ್ಯುವುದು ನಿಮ್ಮ ಉಸಿರಿನ ಬಲವೇ. ಹಾಗಾಗಿ ಮೊದಲಿನಿಂದಲೇ ಜೋರಾಗಿ, ಆಳವಾಗಿ ಎಳೆಯಬೇಕು. ಮೆಲ್ಲಗೆ ಎಳೆದರೆ ಪುಡಿ ಗಂಟುಗಂಟಾಗಿ ನಾಲಿಗೆ ಮೇಲೇ ಉದುರುತ್ತದೆ. ಉಸಿರು ಹೊರಬಿಡುವಾಗ ಮುಖ ಆಚೆ ತಿರುಗಿಸಿ, ಬಾಯಿಯ ತೇವ ತಗುಲಿದರೆ ಪುಡಿ ಗಟ್ಟಿಯಾಗುತ್ತದೆ. ಒಂದು ಬಗೆಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡವರು ಹಳೆ ಅಭ್ಯಾಸದಲ್ಲೇ ಎಳೆಯುವುದು ತೀರಾ ಸಾಮಾನ್ಯ.

4. ಸ್ಪ್ರೇಗೆ ಸ್ಪೇಸರ್ ಜೋಡಿಸಿ

ಸ್ಪೇಸರ್ ಅಂದರೆ ಇನ್‌ಹೇಲರ್‌ಗೂ ಬಾಯಿಗೂ ನಡುವೆ ಕೂಡಿಸುವ ಟೊಳ್ಳು ಕೊಳವೆ. ಸ್ಪ್ರೇ ಮೊದಲು ಅದರೊಳಗೆ ಹೋಗುತ್ತದೆ. ಶ್ವಾಸಕೋಶಕ್ಕೆ ಹೋಗಲಾರದ ದಪ್ಪ ಹನಿಗಳು ಅದರ ಗೋಡೆಗೆ ಅಂಟಿಕೊಳ್ಳುತ್ತವೆ, ಇಲ್ಲವಾದರೆ ಅವು ಅಂಟಬೇಕಾಗಿದ್ದು ನಿಮ್ಮ ನಾಲಿಗೆಗೆ. ಒತ್ತುವುದೂ ಎಳೆಯುವುದೂ ಒಂದೇ ಕ್ಷಣಕ್ಕೆ ಕೂಡದಿದ್ದರೂ ನಡೆಯುತ್ತದೆ. ಇದು ಮಕ್ಕಳಿಗೆ ಮಾತ್ರ ಅನ್ನುವ ಭಾವನೆ ಹಲವರಿಗಿದೆ. ಪದೇ ಪದೇ ಬಾಯಿ ಕೆಡುವವರಿಗೆ ಇದಕ್ಕಿಂತ ಒಳ್ಳೆಯ ಸಲಕರಣೆ ಇಲ್ಲ ಅಂತ ನನ್ನ ಅನಿಸಿಕೆ. ಪುಡಿ ಇನ್‌ಹೇಲರ್‌ಗೆ ಮಾತ್ರ ಇದನ್ನು ಹಾಕುವಂತಿಲ್ಲ.

ಒಂದು ಸಲಕ್ಕೆ ಒಂದೇ ಪಫ್ ಒತ್ತಿ, ತಡಮಾಡದೆ ನಿಧಾನಕ್ಕೆ ಆಳವಾಗಿ ಎಳೆದು ಹಿಡಿದುಕೊಳ್ಳಿ. ಅಷ್ಟು ಆಳವಾಗಿ ಎಳೆಯಲು ಆಗದವರು ಬಾಯಿ ತೆಗೆಯದೆ ಐದು ಸಲ ಮಾಮೂಲಿಯಾಗಿ ಉಸಿರಾಡಿದರೂ ಸಾಕು. ಎರಡು ಪಫ್ ಒಟ್ಟಿಗೆ ಒತ್ತಿದರೆ ಹನಿಗಳು ಒಂದಕ್ಕೊಂದು ಅಂಟಿ ಔಷಧ ದಂಡ.

ತೊಳೆಯುವುದರಲ್ಲೂ ಒಂದು ಗುಟ್ಟಿದೆ. ಹೊಸದನ್ನು ಬಳಸುವ ಮೊದಲು, ಆಮೇಲೆ ಸುಮಾರು ತಿಂಗಳಿಗೊಮ್ಮೆ, ಸೋಪು ಬೆರೆಸಿದ ಬೆಚ್ಚನೆ ನೀರಿನಲ್ಲಿ ಅದ್ದಿ ತೊಳೆದು ಹಾಗೇ ಆರಲು ಬಿಡಿ. ಬಟ್ಟೆಯಿಂದ ಒರೆಸಬೇಡಿ. ಪ್ಲಾಸ್ಟಿಕ್ ಬಾಚಣಿಗೆ ತಲೆಗೆ ಉಜ್ಜಿದರೆ ಕಾಗದದ ಚೂರು ಅಂಟುತ್ತದಲ್ಲ, ಉಜ್ಜಿದ ಸ್ಪೇಸರ್‌ಗೂ ಔಷಧ ಹಾಗೇ ಅಂಟಿ ಅಲ್ಲೇ ಉಳಿಯುತ್ತದೆ.

5. ಎಳೆದ ಕೂಡಲೇ ಮುಕ್ಕಳಿಸಿ ಉಗಿಯಿರಿ

ಬಾಯಿ ಮುಕ್ಕಳಿಸಬೇಕು ಅಂತ ಎಲ್ಲರಿಗೂ ಗೊತ್ತು. ಯಾವಾಗ ಅನ್ನುವುದರಲ್ಲಿ ಎಡವುತ್ತೇವೆ. ಕೊನೇ ಪಫ್ ಎಳೆದು, ಫೋನ್ ನೋಡಿ, ಹಾಸಿಗೆ ಹಾಸಿ, ಆಮೇಲೆ ಬಚ್ಚಲಿಗೆ ಹೋದರೆ ಅಷ್ಟರಲ್ಲಿ ಔಷಧ ಬಾಯಿಯ ಒಳಚರ್ಮಕ್ಕೆ ಇಳಿದಿರುತ್ತದೆ. ನಿಮಿಷದೊಳಗೆ ಮುಗಿಸಿ. ಬಾಯಿ ತುಂಬ ನೀರು ತಗೊಂಡು ಕೆನ್ನೆ ಉಬ್ಬಿಸಿ ಮುಕ್ಕಳಿಸಿ ಉಗಿಯಿರಿ. ಇನ್ನೊಂದು ಬಾಯಿ ನೀರು ತಗೊಂಡು ತಲೆ ಹಿಂದಕ್ಕೆ ಬಾಗಿಸಿ ಗಂಟಲಲ್ಲಿ ಗಳಗಳ ಮಾಡಿ, ಅದನ್ನೂ ಉಗಿಯಿರಿ. ನುಂಗಿದರೆ ಆ ಸ್ಟೀರಾಯ್ಡ್ ಹೊಟ್ಟೆಗೆ ಹೋಗುತ್ತದೆ. ಬರೀ ನೀರು ಸಾಕು.

ಮರೆಯುವವರಿಗೆ ಒಂದು ಉಪಾಯ: ಇನ್‌ಹೇಲರನ್ನು ಟೂತ್‌ಬ್ರಶ್ ಪಕ್ಕದಲ್ಲೇ ಇಡಿ. ಬೆಳಗ್ಗೆ ರಾತ್ರಿ ಮೊದಲು ಇನ್‌ಹೇಲರ್, ಆಮೇಲೆ ಬ್ರಶ್. ನಾಲಿಗೆಯೂ ಸ್ವಚ್ಛವಾಗುತ್ತದೆ. ಪ್ರಯಾಣದಲ್ಲಿ ಉಗಿಯಲು ಜಾಗವಿಲ್ಲ ಅಂತ ಪಫ್ ತಪ್ಪಿಸಬೇಡಿ, ಎಳೆದು ಎರಡು ಗುಟುಕು ನೀರು ಕುಡಿದರೂ ಬಾಯಿ ತೊಳೆದಂತಾಗುತ್ತದೆ. ಮುಕ್ಕಳಿಸಲು ಬಾರದ ಪುಟ್ಟ ಮಕ್ಕಳಿಗೂ ಹೀಗೇ ನೀರು ಕುಡಿಸಿ. ಮಾಸ್ಕ್ ಹಾಕಿ ಕೊಟ್ಟಿದ್ದರೆ ಮುಖವನ್ನೂ ಒದ್ದೆ ಬಟ್ಟೆಯಿಂದ ಒರೆಸಿ.

6. ಇಷ್ಟಾದರೂ ಬಂದರೆ

ಎಳೆಯುವುದು ಸರಿ, ಸ್ಪೇಸರ್ ಇದೆ, ಮುಕ್ಕಳಿಸುವುದೂ ತಪ್ಪಿಲ್ಲ, ಆದರೂ ಮರಳಿ ಬರುತ್ತಿದೆ ಅಂದರೆ ಬೇರೆ ಕಾರಣ ಹುಡುಕಬೇಕು. ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ, ಗೊತ್ತಿಲ್ಲದ ಮಧುಮೇಹ ಹೀಗೂ ಬಾಯಲ್ಲಿ ಕಾಣಿಸಿಕೊಳ್ಳುತ್ತದೆ. ಈಚೆಗೆ ಆಂಟಿಬಯಾಟಿಕ್ ತಗೊಂಡಿದ್ದು, ಬಾಯಿ ಒಣಗಿಸುವ ಮಾತ್ರೆಗಳು, ಧೂಮಪಾನ, ಕಬ್ಬಿಣಾಂಶ ಅಥವಾ ಬಿ12 ಕೊರತೆ ಕೂಡ ಕಾರಣವಾಗುತ್ತವೆ. ರೋಗನಿರೋಧಕ ಶಕ್ತಿ ಕುಂದಿಸುವ ಕಾಯಿಲೆ ಅಥವಾ ಚಿಕಿತ್ಸೆ ಇದ್ದರೆ ಈ ಲೇಖನ ಓದುತ್ತಾ ಕೂರಬೇಡಿ, ಡಾಕ್ಟರನ್ನು ಕಾಣಿ.

ನುಂಗುವಾಗ ಗಂಟಲು, ಎದೆ ನೋಯುತ್ತಿದ್ದರೆ ಫಂಗಸ್ ಅನ್ನನಾಳಕ್ಕೆ ಇಳಿದಿರಬಹುದು. ಅದಕ್ಕೆ ಬಾಯಿ ಔಷಧ ಸಾಲದು, ತಡಮಾಡುವಂತಿಲ್ಲ.

ಡಾಕ್ಟರ ಹತ್ತಿರ ಮೂರು ಪ್ರಶ್ನೆ ಕೇಳಿ. ಪ್ರಮಾಣ ತಗ್ಗಿಸಬಹುದಾ? ಸುಮಾರು ಮೂರು ತಿಂಗಳು ಆಸ್ತಮಾ ಹತೋಟಿಯಲ್ಲಿದ್ದರೆ ಹೆಜ್ಜೆ ಹೆಜ್ಜೆಯಾಗಿ ಇಳಿಸುವುದು ರೂಢಿ, ಆದರೆ ಅವರು ಹೇಳಿ ಇಳಿಸಬೇಕೇ ಹೊರತು ನಾವಾಗಿ ಅಲ್ಲ. ಬೇರೆ ಸಾಧನ ನನಗೆ ಒಗ್ಗುತ್ತದಾ? ಬೇರೆ ಸ್ಟೀರಾಯ್ಡ್ ಇದೆಯಾ? ಸೈಕ್ಲೆಸೊನೈಡ್ ಅನ್ನುವುದು ಬಾಯಲ್ಲಿ ಬಹುಪಾಲು ನಿಷ್ಕ್ರಿಯವಾಗಿದ್ದು ಶ್ವಾಸಕೋಶಕ್ಕೆ ಹೋದ ಮೇಲೆ ಜೀವ ಪಡೆಯುವ ಔಷಧ. ಹಾಗಾಗಿ ಬಾಯಿಗೆ ತೊಂದರೆ ಕಡಿಮೆ. ಎಲ್ಲರಿಗೂ ಹೊಂದುತ್ತದೆ ಅಂತಲ್ಲ, ಕೇಳುವುದರಲ್ಲಿ ತಪ್ಪಿಲ್ಲ.

ಹೋಗುವಾಗ ಇನ್‌ಹೇಲರ್, ಸ್ಪೇಸರ್ ಎರಡನ್ನೂ ಚೀಲಕ್ಕೆ ಹಾಕಿಕೊಳ್ಳಿ. ಬಿಳಿ ಮಚ್ಚೆ ಕಂಡ ದಿನಾಂಕಗಳನ್ನು ಬರೆದಿಟ್ಟಿದ್ದರೆ ಅದನ್ನೂ. ಅವರು ಕೇಳದಿದ್ದರೆ ನೀವೇ ಹೇಳಿ: "ಒಂದ್ಸಲ ಎಳೆದು ತೋರಿಸ್ತೀನಿ, ಸರಿ ಇದೆಯಾ ನೋಡಿ."