ಟ್ರಿಮ್ ಗುಂಡಿ ಒತ್ತುವ ಮೊದಲು, ಒತ್ತಿದ ಮೇಲೆ: ರೇಡಿಯೊ ವಿಮಾನವನ್ನು ನೇರ ಹಾರಿಸುವ ಬಗೆ

ಕೈಯಲ್ಲಿನ ರೇಡಿಯೊದ ಟ್ರಿಮ್ ಗುಂಡಿ, ಸ್ಟಿಕ್ ಬಿಟ್ಟಾಗ ರೆಕ್ಕೆ, ಬಾಲಗಳ ಅಲುಗುವ ಭಾಗಗಳು ನಿಲ್ಲುವ ಜಾಗವನ್ನು ತುಸು ಸರಿಸುತ್ತದೆ. ಸ್ಟಿಕ್ ಬಿಟ್ಟ ಕೂಡಲೇ ವಿಮಾನ ಎಡಕ್ಕೆ ವಾಲುತ್ತದೆ. ಏಲರಾನ್ (ವಿಮಾನವನ್ನು ಎಡಬಲಕ್ಕೆ ವಾಲಿಸುವ, ರೆಕ್ಕೆಯ ಹಿಂದಂಚಿನ ಪಟ್ಟಿ) ಟ್ರಿಮ್ ಬಲಕ್ಕೆ ನಾಲ್ಕು ಸಲ ಒತ್ತಿದರೆ ನೇರವಾಗುತ್ತದೆ. ಅಲ್ಲಿಗೆ ಕೆಲಸ ಮುಗಿಯಿತೆಂದು ಬ್ಯಾಗಿಗೆ ಹಾಕಿಕೊಂಡು ಹೋಗುವವರೇ ಹೆಚ್ಚು. ಆ ನಾಲ್ಕು ಒತ್ತು ಹೇಳುವುದು ತಪ್ಪು ಎಷ್ಟಿದೆ ಎಂಬುದನ್ನು ಮಾತ್ರ. ತಪ್ಪು ಕೂತಿರುವುದು ಪುಶ್‌ರಾಡ್‌ನಲ್ಲೋ (ಸರ್ವೋ ಎಂಬ ಪುಟ್ಟ ಮೋಟರಿನ ಚಲನೆಯನ್ನು ಅಲುಗುವ ಭಾಗಗಳಿಗೆ ಮುಟ್ಟಿಸುವ ಕಡ್ಡಿ), ತೂಕದಲ್ಲೋ, ಮೋಟರ್‌ನ ಕೋನದಲ್ಲೋ. ಅದನ್ನು ಕೆಳಗಿಳಿದ ಮೇಲೆ ಅಲ್ಲೇ ಸರಿಮಾಡಬೇಕು.

ಇಲ್ಲಿನ ಅಳತೆಗಳು 1.2ರಿಂದ 1.4 ಮೀಟರ್ ರೆಕ್ಕೆಯ, ನಾಲ್ಕು ಚಾನೆಲ್‌ನ ಎಲೆಕ್ಟ್ರಿಕ್ ಟ್ರೈನರ್‌ಗೆ (ಕಲಿಯುವವರ ವಿಮಾನಕ್ಕೆ). ದೊಡ್ಡ ಮಾಡೆಲ್‌ಗೂ ಕ್ರಮ ಇದೇ.

ಮನೆಯಲ್ಲಿ ಮುಗಿಸಬೇಕಾದ್ದು

ಪ್ರೊಪೆಲರ್ ಬಿಚ್ಚಿಡಿ. ರೇಡಿಯೊದಲ್ಲಿ ಸರಿಯಾದ ಮಾಡೆಲ್ ಆಯ್ಕೆಯಾಗಿದೆಯೇ ನೋಡಿ, ಎಲ್ಲ ಟ್ರಿಮ್‌ಗಳನ್ನೂ ಸಬ್‌ಟ್ರಿಮ್‌ಗಳನ್ನೂ (ರೇಡಿಯೊದ ಮೆನುವಿನಲ್ಲಿ ಸರ್ವೋದ ನಡುವನ್ನು ಸರಿಸುವ ಸೆಟ್ಟಿಂಗ್) ಸೊನ್ನೆಗೆ ತನ್ನಿ. ಈಗ ಸರ್ವೋಗೆ ಹೋಗುವ ಸಿಗ್ನಲ್ ಸುಮಾರು 1500 ಮೈಕ್ರೊಸೆಕೆಂಡ್. ಈ ಸ್ಥಿತಿಯಲ್ಲಿ ಸರ್ವೋ ಆರ್ಮ್ ಪುಶ್‌ರಾಡ್‌ಗೆ 90 ಡಿಗ್ರಿಯಲ್ಲಿ ನಿಲ್ಲಬೇಕು. ನಿಲ್ಲದಿದ್ದರೆ ಆರ್ಮ್ ಕಿತ್ತು ಒಂದು ಹಲ್ಲು ಆಚೀಚೆ ಕೂರಿಸಿ. 25 ಹಲ್ಲಿನ ಸರ್ವೋದಲ್ಲಿ ಒಂದು ಹಲ್ಲು ಎಂದರೆ 14.4 ಡಿಗ್ರಿ, ಹಾಗಾಗಿ ಎಷ್ಟು ಹೊಂದಿಸಿದರೂ ಕೆಲವು ಡಿಗ್ರಿ ಉಳಿದೇ ಉಳಿಯುತ್ತದೆ. ಸಬ್‌ಟ್ರಿಮ್ ಇರುವುದು ಉಳಿದ ಆ ಚೂರಿಗೆ. ಎಲಿವೇಟರ್ (ಮೂತಿ ಏರಿಳಿಸುವ ಬಾಲದ ಪಟ್ಟಿ) ಸೊಟ್ಟಗಿದೆ ಎಂದು ಸಬ್‌ಟ್ರಿಮ್ ಅನ್ನು ತುದಿಯವರೆಗೆ ಎಳೆದರೆ ಸರ್ವೋ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ತಿರುಗುತ್ತದೆ. ಆಮೇಲೆ ಮೇಲಕ್ಕೆ ಒಂದು ಥರ, ಕೆಳಕ್ಕೆ ಒಂದು ಥರ ಹಾರುತ್ತದೆ.

ಆರ್ಮ್ ನೇರವಾದ ಮೇಲೆ ಕ್ಲೆವಿಸ್ (ಪುಶ್‌ರಾಡ್ ತುದಿಗೆ ತಿರುಪಿನಂತೆ ಏರುವ ಕೊಕ್ಕೆ) ತಿರುಗಿಸಿ ಎಲಿವೇಟರ್, ರಡರ್ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಪಟ್ಟಿ), ಏಲರಾನ್ ಮಟ್ಟಸ ಮಾಡಿ. ಎಂ2 ಥ್ರೆಡ್ಡಿನ (2 ಮಿ.ಮೀ. ತಿರುಪಿನ) ಕ್ಲೆವಿಸ್ ಒಂದು ಸುತ್ತಿಗೆ 0.4 ಮಿಲಿಮೀಟರ್ ಸರಿಯುತ್ತದೆ. ಹಾರ್ನ್‌ನ (ಕ್ಲೆವಿಸ್ ಸಿಕ್ಕಿಸುವ ಕೊಂಬಿನ) ತೂತು ಹಿಂಜ್‌ನಿಂದ 12 ಮಿ.ಮೀ. ದೂರದಲ್ಲಿದ್ದು ಎಲಿವೇಟರ್ 36 ಮಿ.ಮೀ. ಅಗಲವಿದ್ದರೆ, ಒಂದು ಸುತ್ತಿಗೆ ಅದರ ಹಿಂದಿನ ಅಂಚು ಸುಮಾರು 1.2 ಮಿ.ಮೀ. ಅಲುಗುತ್ತದೆ. ಈ ಲೆಕ್ಕವನ್ನು ನಿಮ್ಮ ಮಾಡೆಲ್‌ಗೆ ಒಮ್ಮೆ ಹಾಕಿ ಬರೆದಿಟ್ಟುಕೊಳ್ಳಿ, ಮೈದಾನದಲ್ಲಿ ಬೇಕಾಗುತ್ತದೆ.

ಆಮೇಲೆ ತೂಕ. ಬ್ಯಾಟರಿ ಕಟ್ಟಿ, ರೆಕ್ಕೆಯ ಮುಂದಿನ ಅಂಚಿನಿಂದ ಅಗಲದ 25ರಿಂದ 33 ಶೇಕಡಾ ದೂರದಲ್ಲಿ ಎರಡು ಬೆರಳಿಟ್ಟು ಎತ್ತಿದಾಗ ವಿಮಾನ ಮಟ್ಟಸ ನಿಲ್ಲಬೇಕು. ರೆಕ್ಕೆ 200 ಮಿ.ಮೀ. ಅಗಲವಿದ್ದರೆ ಅದು 50ರಿಂದ 66 ಮಿ.ಮೀ. ಮೊದಲ ಹಾರಾಟಕ್ಕೆ ಆ ಜಾಗ 50 ಮಿ.ಮೀ. ಹತ್ತಿರವೇ ಇರಲಿ. ಮೂತಿ ತುಸು ಭಾರವಾದರೆ ವಿಮಾನ ಪೆದ್ದಾಗಿ ಹಾರುತ್ತದೆ, ಬಾಲ ಭಾರವಾದರೆ ಯಾವ ಟ್ರಿಮ್ಮಿಗೂ ಬಗ್ಗುವುದಿಲ್ಲ. ಅಡ್ಡ ತೂಕವನ್ನೂ ನೋಡಿ. ಪ್ರೊಪೆಲರ್ ಶಾಫ್ಟ್ ಮತ್ತು ಬಾಲದ ತುದಿ ಹಿಡಿದು ಎತ್ತಿದಾಗ ಪ್ರತಿ ಸಲವೂ ಒಂದೇ ರೆಕ್ಕೆ ಇಳಿಯುತ್ತಿದ್ದರೆ ಹಗುರ ಇರುವ ರೆಕ್ಕೆಯ ತುದಿಗೆ ಚಿಕ್ಕ ತೂಕ ಅಂಟಿಸಿ. ಈ ತಪ್ಪನ್ನು ಏಲರಾನ್ ಟ್ರಿಮ್ಮಿನಿಂದ ಮುಚ್ಚಿದರೆ ವೇಗ ಬದಲಾದ ಹಾಗೆಲ್ಲ ವಾಲುವಿಕೆಯೂ ಬದಲಾಗುತ್ತದೆ. ತೂಕ ಎಲ್ಲ ವೇಗದಲ್ಲೂ ಒಂದೇ, ಏಲರಾನ್‌ನ ಬಲ ಮಾತ್ರ ವೇಗದ ಜೊತೆ ಏರಿಳಿಯುತ್ತದೆ.

ಥ್ರಾಟಲ್ ಟ್ರಿಮ್ ಸೊನ್ನೆಯಲ್ಲಿಟ್ಟೇ ಇಎಸ್‌ಸಿ (ಮೋಟರಿನ ವೇಗ ನಿಯಂತ್ರಿಸುವ ಸಾಧನ) ಕ್ಯಾಲಿಬ್ರೇಟ್ ಮಾಡಿ, ಅಂದರೆ ಥ್ರಾಟಲ್‌ನ ಕೆಳಗಿನ, ಮೇಲಿನ ತುದಿಗಳನ್ನು ಅದಕ್ಕೆ ಕಲಿಸಿ. ಬ್ಯಾಟರಿ ಸಿಕ್ಕಿಸಿದಾಗ ಇಎಸ್‌ಸಿ ಬೀಪ್ ಹೊಡೆಯುತ್ತಲೇ ಇದ್ದು ಮೋಟರ್ ಏಳದಿದ್ದರೆ, ಬ್ಯಾಗಿನಲ್ಲಿ ಥ್ರಾಟಲ್ ಟ್ರಿಮ್ ಮೇಲಕ್ಕೆ ಸರಿದಿದೆಯೇ ಎಂದು ಮೊದಲು ನೋಡಿ.

ಜಾಗ, ಹೊತ್ತು

ಹಾಸನದ ಬಯಲಿನಲ್ಲಿ ಟ್ರಿಮ್ ಮಾಡಲು ರಾಗಿ ಕೊಯ್ಲಾದ ಮೇಲಿನ ಹೊಲ ಚೆನ್ನ, ಬೇಸಿಗೆಗೆ ಒಣಗಿದ ಕೆರೆ ಅಂಗಳ. ಮಂಜು ಹರಿದ ಮೇಲೆ ಒಂಬತ್ತು ಗಂಟೆಯೊಳಗೆ ಮುಗಿಸಿ. ಬಿಸಿಲೇರಿದ ಮೇಲೆ ನೆಲದಿಂದ ಏಳುವ ಬಿಸಿಗಾಳಿ ವಿಮಾನವನ್ನು ಎತ್ತಿ ಕುಕ್ಕುತ್ತದೆ, ಆಗ ಟ್ರಿಮ್ ಮಾಡುವುದು ಗಾಳಿಗೇ ಹೊರತು ವಿಮಾನಕ್ಕಲ್ಲ. ಆಷಾಢದ ಗಾಳಿಯಲ್ಲಿ ಹೊಸ ವಿಮಾನ ಎತ್ತುವ ಮಾತೇ ಬೇಡ. ಚಿಕ್ಕಮಗಳೂರಿನವರಿಗೆ ಸಿಲ್ವರ್ ಓಕ್ ನಿಂತ ಕಾಫಿ ತೋಟದ ಕಡೆಗಿಂತ ಕಡೂರು ಕಡೆಯ ಬಯಲು ವಾಸಿ. ಗುಡ್ಡದ ಮರೆಯಲ್ಲಿ ಗಾಳಿ ಕೆಳಮುಖವಾಗಿ ಬೀಳುವ ಕಡೆ ಸರಿಯಿರುವ ವಿಮಾನವೂ ಇಳಿಯುತ್ತಲೇ ಇರುತ್ತದೆ, ನೀವು ಸುಮ್ಮನೆ ಎಲಿವೇಟರ್ ಟ್ರಿಮ್ ಏರಿಸುತ್ತಾ ಹೋಗುತ್ತೀರಿ. ಹೊರಡುವ ಮುನ್ನ ಡಿಜಿಟಲ್ ಸ್ಕೈ ನಕ್ಷೆಯಲ್ಲಿ (ಎಲ್ಲಿ ಡ್ರೋನ್ ಹಾರಿಸಬಹುದೆಂದು ಬಣ್ಣದಲ್ಲಿ ತೋರಿಸುವ ಸರ್ಕಾರಿ ನಕ್ಷೆ) ಜಾಗ ಯಾವ ಬಣ್ಣದಲ್ಲಿದೆ ನೋಡಿ. ಹಾಸನದಲ್ಲಿ ಇಸ್ರೊದ ಎಂಸಿಎಫ್ (ಉಪಗ್ರಹ ನಿಯಂತ್ರಣ ಕೇಂದ್ರ) ಸುತ್ತಮುತ್ತ, ಬೂವನಹಳ್ಳಿ ವಿಮಾನ ನಿಲ್ದಾಣದ ಕಡೆ ಹಾರಿಸಲು ಹೋಗಬೇಡಿ.

ಕರಾವಳಿಯಲ್ಲಿ ಟ್ರಿಮ್ ಆದ ವಿಮಾನವನ್ನು ಇಲ್ಲಿಗೆ ತಂದರೆ ಏನಾಗುತ್ತದೆ? ಸಮುದ್ರಮಟ್ಟದಿಂದ ಸುಮಾರು 1000 ಮೀಟರ್ ಮೇಲೆ ಗಾಳಿಯ ಸಾಂದ್ರತೆ ಒಂಬತ್ತು–ಹತ್ತು ಶೇಕಡಾ ಕಡಿಮೆ. ಅದೇ ತೂಕ ಎತ್ತಲು ಸುಮಾರು ಐದು ಶೇಕಡಾ ಹೆಚ್ಚು ವೇಗ ಬೇಕು, ಪ್ರೊಪೆಲರ್‌ನ ಎಳೆತವೂ ತುಸು ಇಳಿದಿರುತ್ತದೆ. ಮೊದಲು ಥ್ರಾಟಲ್ ಏರಿಸಿ ನೋಡಿ. ಎಲಿವೇಟರ್ ಟ್ರಿಮ್ ಬಹುಪಾಲು ಅಲ್ಲೇ ಸರಿಯಿರುತ್ತದೆ.

ಗಾಳಿಯಲ್ಲಿ

ಸುಮಾರು 40–50 ಮೀಟರ್ ಎತ್ತರಕ್ಕೆ ಹೋಗಿ, ಥ್ರಾಟಲ್ ಅರ್ಧ ಅಥವಾ ಸ್ವಲ್ಪ ಮೇಲಕ್ಕಿಟ್ಟು ಅದನ್ನು ಮತ್ತೆ ಮುಟ್ಟಬೇಡಿ. ಟ್ರಿಮ್ ಎಂದರೆ ಒಂದು ವೇಗಕ್ಕೆ ಕೊಡುವ ಹೊಂದಾಣಿಕೆ. ಥ್ರಾಟಲ್ ಆಡಿಸುತ್ತಾ ಟ್ರಿಮ್ ಮಾಡಿದರೆ ಯಾವ ವೇಗಕ್ಕೂ ಅದು ಸರಿ ಬರುವುದಿಲ್ಲ. ಉದ್ದನೆಯ ನೇರ ಓಟದಲ್ಲಿ, ರೆಕ್ಕೆ ಮಟ್ಟಸವಾಗಿದ್ದಾಗ ಮಾತ್ರ ಒತ್ತಿ. ತಿರುವಿನಲ್ಲಿ ಮೂತಿ ಇಳಿಯುವುದು ಸಹಜ, ಅದಕ್ಕೆ ಟ್ರಿಮ್ ಬೇಡ.

ದಿಕ್ಕಿನ ಗೊಂದಲಕ್ಕೆ ಒಂದೇ ನಿಯಮ ಸಾಕು: ವಿಮಾನ ನೇರವಾಗಿರಲು ಸ್ಟಿಕ್ಕನ್ನು ಯಾವ ಕಡೆ ಒತ್ತಿ ಹಿಡಿದಿದ್ದೀರೋ, ಟ್ರಿಮ್ ಗುಂಡಿಯನ್ನೂ ಅದೇ ಕಡೆ ಒತ್ತಿ. ಹೊಸಬರು ಎಡವುವುದು ಎಲಿವೇಟರ್‌ನಲ್ಲಿ. ಮೂತಿ ಕೆಳಗಿಳಿಯುತ್ತಿದೆ, ಮೇಲೆತ್ತಬೇಕು ಎಂದು ಗುಂಡಿಯನ್ನು ಮೇಲಕ್ಕೆ ಒತ್ತಿಬಿಡುತ್ತಾರೆ, ವಿಮಾನ ಇನ್ನಷ್ಟು ಮುಗ್ಗರಿಸುತ್ತದೆ. ಮೂತಿ ಎತ್ತಲು ಸ್ಟಿಕ್ ನಿಮ್ಮ ಕಡೆಗೆ ಎಳೆಯುತ್ತೀರಲ್ಲವೇ, ಟ್ರಿಮ್ ಕೂಡ ನಿಮ್ಮ ಕಡೆಗೇ.

ಮೊದಲು ಎಲಿವೇಟರ್, ಆಮೇಲೆ ಏಲರಾನ್, ಕೊನೆಗೆ ರಡರ್. ತಪ್ಪು ದೊಡ್ಡದಿದ್ದರೆ ಮೂರು ನಾಲ್ಕು ಒತ್ತು, ಹತ್ತಿರ ಬಂದ ಮೇಲೆ ಒಂದೊಂದೇ. ಪ್ರತಿ ಸಲವೂ ಸ್ಟಿಕ್ ಬಿಟ್ಟು ಎರಡು ಮೂರು ಸೆಕೆಂಡ್ ನೋಡಿ. ಬಹುತೇಕ ಡಿಜಿಟಲ್ ರೇಡಿಯೊಗಳು ಟ್ರಿಮ್ ನಡುವಿಗೆ ಬಂದಾಗ ಬೇರೆ ಥರದ ಬೀಪ್ ಕೊಡುತ್ತವೆ, ಆದ್ದರಿಂದ ಕಣ್ಣು ಪರದೆಗೆ ಇಳಿಸಬೇಕಿಲ್ಲ. ವಿಮಾನ ಕೈಬಿಟ್ಟ ಕೂಡಲೇ ಒಂದು ಕಡೆ ಎಳೆದು ಎರಡೂ ಕೈ ಸ್ಟಿಕ್ ಬಿಡಲಾಗದಂತಾದರೆ, ಪಕ್ಕದಲ್ಲಿ ನಿಂತವರು ಟ್ರಿಮ್ ಒತ್ತಲಿ, ಹಾರಿಸುವವರು ಬಾಯಲ್ಲಿ ದಿಕ್ಕು ಹೇಳಲಿ. ಯಾವ ಗುಂಡಿ ಯಾವುದಕ್ಕೆ ಎಂದು ನೆಲದ ಮೇಲೇ ಅವರಿಗೆ ತೋರಿಸಿಟ್ಟಿರಿ.

ಟ್ರಿಮ್ ತಪ್ಪೋ, ಬೇರೆ ತಪ್ಪೋ

ಮಟ್ಟಸ ಹಾರಾಟ ಸಿಕ್ಕ ಮೇಲೆ ಥ್ರಾಟಲ್ ಪೂರ್ತಿ ಮುಚ್ಚಿ. ಮೂತಿ ಸ್ವಲ್ಪ ಇಳಿದು ವಿಮಾನ ನಿಧಾನವಾಗಿ ಜಾರುತ್ತಾ ಬಂದರೆ ಸರಿ. ಈಗ ಥ್ರಾಟಲ್ ಪೂರ್ತಿ ತೆರೆಯಿರಿ. ಗಾಳಿಪಟದ ಹಾಗೆ ಮೂತಿ ಎತ್ತಿ ನಿಂತುಬಿಟ್ಟರೆ ಮೋಟರ್ ಕೋನ ಸರಿಯಿಲ್ಲ, ಅದಕ್ಕೆ ಎಲಿವೇಟರ್ ಟ್ರಿಮ್ ಇಳಿಸಿದರೆ ಥ್ರಾಟಲ್ ಮುಚ್ಚಿದಾಗ ವಿಮಾನ ಧುಮುಕುತ್ತದೆ. ಮೋಟರ್ ಮೌಂಟ್‌ನ ಮೇಲಿನ ಸ್ಕ್ರೂಗಳ ಹಿಂದೆ ವಾಷರ್ ಹಾಕಿ ಮೋಟರನ್ನು ಕೆಳಮುಖ ಮಾಡಿ. ಸ್ಕ್ರೂಗಳ ನಡುವೆ 30 ಮಿ.ಮೀ. ಇದ್ದರೆ 1 ಮಿ.ಮೀ. ವಾಷರ್‌ಗೆ ಸುಮಾರು ಎರಡು ಡಿಗ್ರಿ ಸಿಗುತ್ತದೆ. ಥ್ರಾಟಲ್ ಏರಿಸಿದಾಗಷ್ಟೇ ಮೂತಿ ಎಡಕ್ಕೆ ತಿರುಗಿದರೆ, ಹಿಂದಿನಿಂದ ನೋಡಿದಾಗ ಎಡಗಡೆ ಇರುವ ಸ್ಕ್ರೂಗಳಿಗೆ ವಾಷರ್. ಹಿಂದಿನಿಂದ ನೋಡಿದಾಗ ಗಡಿಯಾರದ ದಿಕ್ಕಿಗೆ ತಿರುಗುವ ಪ್ರೊಪೆಲರ್‌ಗೆ ಎರಡು ಮೂರು ಡಿಗ್ರಿ ಬಲಮುಖ ಇರುವುದು ಮಾಮೂಲು.

ತೂಕದ ಪರೀಕ್ಷೆ ಇನ್ನೊಂದಿದೆ. ಎತ್ತರದಿಂದ ಥ್ರಾಟಲ್ ಮುಚ್ಚಿ 30–40 ಡಿಗ್ರಿ ಇಳಿಜಾರಿನಲ್ಲಿ ಬಿಟ್ಟು ಸ್ಟಿಕ್ ಬಿಡಿ. ತಾನೇ ಗಕ್ಕನೆ ಮೇಲೆದ್ದರೆ ಮೂತಿ ಭಾರ, ಆ ಭಾರವನ್ನು ನೀವು ಎಲಿವೇಟರ್ ಟ್ರಿಮ್ಮಿನಿಂದ ಹೊತ್ತಿದ್ದೀರಿ. ಇನ್ನೂ ಕಡಿದಾಗಿ ಧುಮುಕಿದರೆ ಬಾಲ ಭಾರ, ಕೂಡಲೇ ಎಳೆದು ಇಳಿಸಿ. ಚಪ್ಪಟೆ ತಳದ ರೆಕ್ಕೆಯ ಟ್ರೈನರ್ ನಿಧಾನವಾಗಿ ಮೂತಿ ಎತ್ತುವುದು ಸಹಜ. ಮೂತಿ ಭಾರವಿದ್ದರೆ ಹಿಂದಕ್ಕೆ, ಬಾಲ ಭಾರವಿದ್ದರೆ ಮುಂದಕ್ಕೆ ಬ್ಯಾಟರಿಯನ್ನು 5 ಮಿ.ಮೀ. ಸರಿಸಿ ಮತ್ತೆ ಹಾರಿಸಿ, ಎಲಿವೇಟರ್ ಟ್ರಿಮ್ಮನ್ನೂ ಮತ್ತೆ ಮಾಡಬೇಕಾಗುತ್ತದೆ.

ಇಳಿದ ಮೇಲೆ

ರೇಡಿಯೊ ಆರಿಸದೆ, ಟ್ರಿಮ್ ಇದ್ದ ಹಾಗೇ ಇರಲಿ. ಎಲಿವೇಟರ್ ಪಕ್ಕದ ಸ್ಥಿರ ಭಾಗಕ್ಕೂ ಎಲಿವೇಟರ್‌ನ ಹಿಂದಿನ ಅಂಚಿಗೂ ಎಷ್ಟು ಅಂತರವಿದೆ ಎಂದು ಸ್ಕೇಲಿನಲ್ಲಿ ಅಳೆದು, ಮಾಸ್ಕಿಂಗ್ ಟೇಪಿನ ಮೇಲೆ ಬರೆದು ಅಂಟಿಸಿ. ಎರಡು ಏಲರಾನ್ ಮತ್ತು ರಡರ್‌ಗೂ ಹಾಗೇ. ಈಗ ಟ್ರಿಮ್ ಸೊನ್ನೆಗೆ ತಂದು, ಬರೆದ ಅಳತೆ ಬರುವವರೆಗೆ ಕ್ಲೆವಿಸ್ ತಿರುಗಿಸಿ. 2.4 ಮಿ.ಮೀ. ಬೇಕಿದ್ದರೆ ಮೇಲಿನ ಲೆಕ್ಕದಂತೆ ಎರಡು ಸುತ್ತು. ಎರಡು ಏಲರಾನ್‌ಗೆ ಎರಡು ಸರ್ವೋ ಇದ್ದರೆ ಎರಡನ್ನೂ ಬೇರೆ ಬೇರೆ ಹೊಂದಿಸಿ, ಒಂದನ್ನೇ ತಿರುಗಿಸಿ ಪೂರ್ತಿ ಸರಿಮಾಡಲು ಹೋಗಬೇಡಿ. ಕ್ಲೆವಿಸ್ ಥ್ರೆಡ್ ಕೊನೆಪಕ್ಷ ಐದಾರು ಸುತ್ತು ಒಳಗಿರಬೇಕು, ಮೇಲೆ ಚಿಕ್ಕ ಸಿಲಿಕೋನ್ ಉಂಗುರ ಏರಿಸಿ.

ಓಪನ್‌ಟಿಎಕ್ಸ್, ಎಡ್ಜ್‌ಟಿಎಕ್ಸ್ ತಂತ್ರಾಂಶದ ರೇಡಿಯೊಗಳಲ್ಲಿ ಟ್ರಿಮ್ಮನ್ನು ಒಂದೇ ಸಲಕ್ಕೆ ಸಬ್‌ಟ್ರಿಮ್ಮಿಗೆ ದಾಟಿಸುವ ಸೌಲಭ್ಯವಿದೆ. ಎರಡು ಮೂರು ಒತ್ತು ಉಳಿದಾಗ ಅದು ಅನುಕೂಲ. ಆದರೆ ಟ್ರಿಮ್ ಕಾಲು ಭಾಗಕ್ಕಿಂತ ಹೆಚ್ಚು ಸರಿದಿದ್ದರೆ ಕ್ಲೆವಿಸ್ ತಿರುಗಿಸಲೇಬೇಕು.

ಟ್ರಿಮ್ ದಿನಕ್ಕೊಂದು ಥರವಾದರೆ

ನಿನ್ನೆ ನೇರ ಹಾರಿದ್ದು ಇವತ್ತು ವಾಲಿದರೆ ರೇಡಿಯೊ ಬಯ್ಯುವ ಮುನ್ನ ಸಡಿಲು ಹುಡುಕಿ: ಹಾರ್ನ್ ತೂತು ಅಗಲವಾಗಿದೆಯೇ, ಹಿಂಜ್ ಬಿಟ್ಟಿದೆಯೇ, ಪುಶ್‌ರಾಡ್ ಬಾಗುತ್ತದೆಯೇ. ಬಾಲ್ಸಾ (ಹಗುರ ಮರದ) ವಿಮಾನದಲ್ಲಿ ಉದ್ದನೆಯ ನೈಲಾನ್ ಒಳರಾಡ್ ಇದ್ದರೆ ಕಾರಣ ಬಿಸಿಲೇ. 600 ಮಿ.ಮೀ. ನೈಲಾನ್ 15 ಡಿಗ್ರಿ ಕಾದರೆ ಸುಮಾರು 0.7 ಮಿ.ಮೀ. ಹಿಗ್ಗುತ್ತದೆ. ಅಂದರೆ ಕ್ಲೆವಿಸ್ ಒಂದೂಮುಕ್ಕಾಲು ಸುತ್ತು ತಿರುಗಿದಷ್ಟು. ಉಕ್ಕಿನ ತಂತಿಗೆ ಬದಲಿಸಿದರೆ ಈ ಕಾಟ ಬಹುಮಟ್ಟಿಗೆ ಹೋಗುತ್ತದೆ. ಮಲೆನಾಡಿನ ಮಳೆಗಾಲ ಕಳೆದ ಮೇಲೆ ಹೊದಿಸಿದ ಪ್ಲಾಸ್ಟಿಕ್ ಫಿಲ್ಮ್ ಸುಕ್ಕಾಗಿ ರೆಕ್ಕೆ ತಿರುಚಿರಬಹುದು, ಇಸ್ತ್ರಿಯಿಂದ ಬಿಗಿ ಮಾಡುವಾಗ ಮಟ್ಟಸ ಮೇಜಿನ ಮೇಲಿಟ್ಟು ನೋಡಿ. ಫೋಮ್ ವಿಮಾನವನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟರೂ ಇದೇ ಕಥೆ.

ಗೈರೊ ಅಥವಾ ಫ್ಲೈಟ್ ಕಂಟ್ರೋಲರ್ (ವಿಮಾನವನ್ನು ತಾನೇ ಸ್ಥಿರವಾಗಿ ಹಿಡಿಯುವ ಸಾಧನ) ಇರುವ ವಿಮಾನಕ್ಕೆ ಟ್ರಿಮ್ ಮಾಡುವುದು ಮ್ಯಾನ್ಯುಯಲ್ ಮೋಡ್‌ನಲ್ಲೇ. ಸ್ಟೆಬಿಲೈಸ್ ಮೋಡ್‌ನಲ್ಲಿ ಒತ್ತಿದ ಟ್ರಿಮ್ಮನ್ನು ಅದು ಸ್ಟಿಕ್ ಆಜ್ಞೆ ಎಂದೇ ಓದುತ್ತದೆ, ಮೋಡ್ ಬದಲಿಸಿದ ಕ್ಷಣ ವಿಮಾನ ಎಗರುತ್ತದೆ. ಐನಾವ್ ಎಂಬ ಫ್ಲೈಟ್ ಕಂಟ್ರೋಲರ್ ತಂತ್ರಾಂಶದಲ್ಲಿ ಆಟೊಟ್ರಿಮ್ ಇದೆ, ಅದನ್ನು ಬಳಸಿ. ಕ್ವಾಡ್‌ಕಾಪ್ಟರ್ ಜರುಗುತ್ತಿದ್ದರೆ ಟ್ರಿಮ್ ಮುಟ್ಟಬೇಡಿ, ಮಟ್ಟಸ ಜಾಗದಲ್ಲಿಟ್ಟು ಆಕ್ಸಿಲರೋಮೀಟರ್ (ವಾಲಿಕೆ ಅಳೆಯುವ ಸಂವೇದಕ) ಕ್ಯಾಲಿಬ್ರೇಟ್ ಮಾಡಿ.