ಎರಡು ನಾಯಿಗಳಿಗೆ ಹಸಿ ಮಾಂಸ: ತೀರ್ಥಹಳ್ಳಿ ತೋಟದ ಮನೆಯ ಲೆಕ್ಕ

ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಿಂದ ಒಳಗೆ, ಅಡಿಕೆ ತೋಟದ ಅಂಚಿನಲ್ಲಿ. 18 ಕಿಲೋ ತೂಗುವ ಊರುನಾಯಿ ಕರಿಯ ಮತ್ತು 26 ಕಿಲೋ ತೂಗುವ ಲ್ಯಾಬ್ರಡಾರ್ ಬೆರಕೆ ರಾಣಿ ತೋಟ ಕಾಯುತ್ತವೆ. ಅಂಗಡಿಯಲ್ಲಿ ಸಿಗುವ ಒಣ ಆಹಾರಕ್ಕೆ ತಿಂಗಳಿಗೆ ನಾಲ್ಕು ಸಾವಿರ ದಾಟಿದಾಗ, ಅದೇ ಹಣದಲ್ಲಿ ಮಾಂಸವನ್ನೇ ಹಾಕಬಾರದೇಕೆ ಎಂದು ಯೋಚಿಸಿ ಆರಂಭಿಸಿದೆ. ಈಗ ಖರ್ಚು ಮೂರು ಸಾವಿರದ ಮುನ್ನೂರರ ಆಸುಪಾಸಿನಲ್ಲಿದೆ. ಆದರೆ ಈ ಉಳಿತಾಯ ಕೈಗೆ ಬರುವ ಮೊದಲು ನಾನು ಮಾಡಿಕೊಂಡ ಎಡವಟ್ಟುಗಳು ಕಡಿಮೆಯೇನಲ್ಲ.

ಮೊದಲ ತಿಂಗಳು ಕೋಳಿ ಅಂಗಡಿಯಲ್ಲಿ ಅಗ್ಗವೆಂದು ಬರೀ ತಲೆ ಮತ್ತು ಕಾಲುಗಳನ್ನು ತಂದು ಹಾಕಿದೆ. ಹತ್ತನೆಯ ದಿನಕ್ಕೆ ರಾಣಿ ಬೇಲಿಯ ಬದಿಯಲ್ಲಿ ಬೆನ್ನು ಬಾಗಿಸಿ ಮುಕ್ಕರಿಯುತ್ತ ನಿಲ್ಲತೊಡಗಿತು. ಕೊನೆಗೆ ಬಿದ್ದ ಮಲ ಬೆಳ್ಳಗೆ, ಕಡ್ಡಿಯಿಂದ ಮುಟ್ಟಿದರೆ ಸುಣ್ಣದ ಹೆಂಟೆಯಂತೆ ಪುಡಿಯಾಗುತ್ತಿತ್ತು. ಮೂಳೆ ಹೆಚ್ಚಾಗಿದೆ ಎಂದು ಪಶುವೈದ್ಯರು ನೋಡಿದೊಡನೆ ಹೇಳಿದರು. ಅದನ್ನು ಸರಿಪಡಿಸಲು ಹೋಗಿ ಲಿವರ್ ಹೆಚ್ಚಿಸಿದೆ. ಆಗ ಕಪ್ಪಗೆ ಭೇದಿಯಾಯಿತು. ಆ ಮೇಲೆಯೇ ಅಡಿಗೆಮನೆಯ ಅಳತೆಗಣ್ಣನ್ನು ಬಿಟ್ಟು ಒಂದು ತಕ್ಕಡಿ ಕೊಂಡೆ.

ಬೆಳೆದ ನಾಯಿಗೆ ದಿನಕ್ಕೆ ಅದರ ತೂಕದ ಶೇ. 2ರಿಂದ 3ರಷ್ಟು ಆಹಾರ ಸಾಕು. ಶೇ. 2.5ರ ಲೆಕ್ಕದಲ್ಲಿ ನನ್ನ ಎರಡಕ್ಕೂ ಸೇರಿ 1,100 ಗ್ರಾಂ ಬೇಕು. ಅದರಲ್ಲಿ ಸುಮಾರು 880 ಗ್ರಾಂ ಮಾಂಸಖಂಡ, 110 ಗ್ರಾಂ ಮೂಳೆ, 55 ಗ್ರಾಂ ಲಿವರ್, ಇನ್ನೊಂದು 55 ಗ್ರಾಂ ಮೂತ್ರಪಿಂಡದಂಥ ಬೇರೆ ಅಂಗ. ಇಲ್ಲಿ ಗೊತ್ತಿರಬೇಕಾದದ್ದೆಂದರೆ, ಕಾಲನ್ನು ತೂಗಿದ ಮಾತ್ರಕ್ಕೆ ಮೂಳೆಯನ್ನು ತೂಗಿದಂತಾಗುವುದಿಲ್ಲ. ಕೋಳಿಯ ಕಾಲಿನಲ್ಲಿ (ತೊಡೆಯಲ್ಲ, ಬೆರಳುಗಳಿರುವ ಪಾದ) ಸರಿಸುಮಾರು ಶೇ. 60ರಷ್ಟು ಮೂಳೆಯಿದ್ದರೆ, ಚರ್ಮ ಸಹಿತ ಕುತ್ತಿಗೆಯಲ್ಲಿ ಶೇ. 36ರಷ್ಟು ಇರುತ್ತದೆ. ಹಾಗಾಗಿ ಕಾಲಾದರೆ 180 ಗ್ರಾಂ, ಕುತ್ತಿಗೆಯಾದರೆ 300 ಗ್ರಾಂ. ಒಂದನ್ನು ಹಾಕಿದ ದಿನ ಇನ್ನೊಂದಿಲ್ಲ. ಗುಂಡಿಗೆ ಮತ್ತು ಅಂಗಡಿಯವರು ಗಿಜಾರ್ಡ್ ಎನ್ನುವ ಗಟ್ಟಿ ಜಠರ ಒಳಗಿನ ಅಂಗಗಳಾದರೂ ಈ ಲೆಕ್ಕದಲ್ಲಿ ಮಾಂಸಖಂಡವೇ. ಬೋನ್‌ಲೆಸ್ ಮಾಂಸದ ಬೆಲೆ ಕೊಡಲಾಗದ ನನ್ನಂಥವರಿಗೆ ಉಳಿತಾಯವಾಗುವುದು ಮುಖ್ಯವಾಗಿ ಇಲ್ಲಿಯೇ.

ಖರೀದಿಗೆ ನಾನು ಹೋಗುವುದು ಭಾನುವಾರ. ಅಂಗಡಿಯ ಹುಡುಗ ಮೊದಲೇ ಹೇಳಿದ್ದ: "ಅಣ್ಣಾ, ಹನ್ನೊಂದು ಗಂಟೆ ಮೇಲೆ ಬನ್ನಿ, ಆಗ ಕಾಲು, ಕುತ್ತಿಗೆ ರಾಶಿ ಬಿದ್ದಿರ್ತವೆ, ಎಲ್ಲಾ ಬೆಳಗ್ಗಿನ ಕೋಳೀದೇ." ತಂದದ್ದನ್ನು ಕೊಟ್ಟಿಗೆಯ ಜಗಲಿಯಲ್ಲಿ, ಅದಕ್ಕೆಂದೇ ಇಟ್ಟ ಮಣೆ ಮತ್ತು ಕತ್ತಿಯಲ್ಲಿ ದಿನದ ಪಾಲುಗಳಾಗಿ ಕಟ್ಟುತ್ತೇನೆ. ಹಸಿ ಕೋಳಿಯಲ್ಲಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಫ್ರೀಜರ್‌ನ ಚಳಿಗೆ ಅದು ಸಾಯುವುದಿಲ್ಲ. ನಾಯಿ ಅದನ್ನು ತಡೆದುಕೊಂಡೀತು, ತಟ್ಟೆ ಮುಟ್ಟಿದ ಮಗು ತಡೆದುಕೊಳ್ಳಲಿಕ್ಕಿಲ್ಲ. ಅಕ್ಕ ಬಾಣಂತನಕ್ಕೆ ಬಂದಿದ್ದ ಮೂರು ತಿಂಗಳೂ ನಾನು ಹಸಿ ಮಾಂಸ ಹಾಕಲಿಲ್ಲ.

ಕುರಿ, ಆಡಿನ ಲಿವರ್ ಮತ್ತು ಶ್ವಾಸಕೋಶವನ್ನಂತೂ ಯಾವ ಕಾಲದಲ್ಲೂ ಹಸಿಯಾಗಿ ಕೊಡುವುದಿಲ್ಲ. ಅವುಗಳಲ್ಲಿ ಕೆಲವೊಮ್ಮೆ ಕಾಣುವ ನೀರು ತುಂಬಿದ ಗುಳ್ಳೆಗಳು ಹೈಡಾಟಿಡ್ ಲಾಡಿಹುಳುವಿನ ಎಳೆಯ ಹಂತ. ಅದನ್ನು ತಿಂದ ನಾಯಿಯ ಕರುಳಿನಲ್ಲಿ ಹುಳು ಬೆಳೆದು, ಮಲದಲ್ಲಿ ಬಂದ ಮೊಟ್ಟೆ ಮನುಷ್ಯನ ಹೊಟ್ಟೆ ಸೇರಿದರೆ ನಮ್ಮ ಲಿವರ್‌ನಲ್ಲೇ ಅಂಥ ಗುಳ್ಳೆ ಏಳುತ್ತದೆ. ಆದ್ದರಿಂದ ಹಸಿಯಾಗಿ ಹಾಕುವ ಲಿವರ್ ಕೋಳಿಯದು ಮಾತ್ರ. ಆಡಿನ ಮೂತ್ರಪಿಂಡವನ್ನೂ ಬೇಯಿಸಿಯೇ ಹಾಕುತ್ತೇನೆ. ಇದರ ಜೊತೆಗೆ ಪ್ರಾಜಿಕ್ವಾಂಟೆಲ್ ಇರುವ ಜಂತುಹುಳದ ಮಾತ್ರೆಯನ್ನು ಮೂರು ತಿಂಗಳಿಗೊಮ್ಮೆ ತಪ್ಪಿಸುವುದಿಲ್ಲ. ಹಂದಿ ಮಾಂಸವನ್ನು ತರುವುದೇ ಇಲ್ಲ. ಘಟ್ಟ ಹತ್ತಿ ಬರುವ ಬೂತಾಯಿ ಮೀನು ಅಗ್ಗವಿದ್ದಾಗ ವಾರಕ್ಕೆರಡು ಸಲ ಬೇಯಿಸಿ ಹಾಕುತ್ತೇನೆ. ಬರೀ ಕೋಳಿಯಲ್ಲಿ ಸಾಲದ ಒಮೇಗಾ-3 ಕೊಬ್ಬು ಅದರಿಂದ ಸಿಗುತ್ತದೆ.

ಇಷ್ಟೆಲ್ಲ ಹದಕ್ಕೆ ಬಂತು ಎನ್ನುವಾಗ ಮಳೆಗಾಲ ಬಂತು. ಜುಲೈನಲ್ಲಿ ಒಂದು ರಾತ್ರಿ ಗಾಳಿಗೆ ಮರ ತಂತಿಯ ಮೇಲೆ ಬಿದ್ದು ನಾಲ್ಕು ದಿನ ಕರೆಂಟ್ ಇರಲಿಲ್ಲ, ಫ್ರೀಜರ್‌ನಲ್ಲಿ ಹನ್ನೆರಡು ಕಿಲೋ ಮಾಂಸವಿತ್ತು. ಎರಡನೆಯ ದಿನ ಫ್ರಿಜ್ಜಿನ ಬಾಗಿಲಿನ ಸಂದಿಯಿಂದ ಕೆಂಪು ನೀರು ನೆಲಕ್ಕೆ ಇಳಿಯಿತು. ಆಗಲೇ ಎಲ್ಲವನ್ನೂ ಬೇಯಿಸಬೇಕಿತ್ತು. ಇವತ್ತು ಬಂದೀತು, ನಾಳೆ ಬಂದೀತು ಎಂದು ಕಾದೆ. ಮೂರನೆಯ ದಿನ ಮನೆಯೆಲ್ಲ ನಾತ ಹಿಡಿದಾಗ ಮಳೆಯಲ್ಲೇ ಗುಂಡಿ ತೆಗೆದು ಹೂತೆ. ಅದೇ ರಾತ್ರಿ ಕರಿಯ ಅದನ್ನು ಕೆದರಿ ತಿಂದು, ಮರುದಿನ ನಾನು ಅದನ್ನು ಡ್ರಿಪ್ ಹಾಕಿಸಲು ಪೇಟೆಗೆ ಹೊತ್ತುಕೊಂಡು ಹೋಗಬೇಕಾಯಿತು. ಆ ತಿಂಗಳ ಉಳಿತಾಯದ ಲೆಕ್ಕ ಬರೆಯಲಿಲ್ಲ.

ಅಂದಿನಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಹಸಿ ಮಾಂಸಕ್ಕೆ ರಜೆ. ಎರಡು ದಿನಕ್ಕಾಗುವಷ್ಟೇ ತಂದು, ಹೇಗೂ ದಿನವಿಡೀ ಉರಿಯುವ ಬಚ್ಚಲ ಒಲೆಯ ಮೇಲೆ ಹಳೆಯ ಪಾತ್ರೆಯಲ್ಲಿ ಬೇಯಿಸುತ್ತೇನೆ, ಗ್ಯಾಸ್ ಖರ್ಚಿಲ್ಲ. ಬೆಂದ ಮೂಳೆ ಸೀಳಿ ಚೂಪಾಗಿ ಗಂಟಲು, ಕರುಳಿಗೆ ಚುಚ್ಚುವುದರಿಂದ ಆ ತಿಂಗಳುಗಳಲ್ಲಿ ಕಾಲೂ ಇಲ್ಲ, ಕುತ್ತಿಗೆಯೂ ಇಲ್ಲ. ಸುಣ್ಣದ ಅಂಶಕ್ಕೆ ಮೊಟ್ಟೆಯ ಚಿಪ್ಪನ್ನು ಕೆಂಡದ ಬದಿಯಲ್ಲಿ ಗರಿಗರಿಯಾಗಿಸಿ ನುಣ್ಣಗೆ ಪುಡಿ ಮಾಡಿ, ಅರ್ಧ ಕಿಲೋ ಮಾಂಸಕ್ಕೆ ಅರ್ಧ ಟೀ ಚಮಚದಂತೆ ಬೆರೆಸುತ್ತೇನೆ. ರಾಣಿ ಹಸಿಯದನ್ನೂ ಬೆಂದದ್ದನ್ನೂ ಒಂದೇ ಸಮನೆ ತಿನ್ನುತ್ತದೆ. ಕರಿಯ ಮಾತ್ರ ಪ್ರತಿ ಜೂನ್‌ನಲ್ಲೂ ಮೊದಲ ಎರಡು ದಿನ ತಟ್ಟೆ ಮೂಸಿ, ನನ್ನ ಮುಖ ನೋಡಿ, ಫ್ರಿಜ್ಜಿನ ಮುಂದೆ ಹೋಗಿ ಕೂರುತ್ತದೆ.