ಗೋಡೆಯ ಮಾತು ಬಾಯಿಗೆ ಹತ್ತುವ ಬಗೆ

ಗೋಡೆ ಬರಹ ನನ್ನ ಕಸುಬು. ಹಾವೇರಿ, ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಊರುಗಳಲ್ಲಿ ಬೀಜ, ಗೊಬ್ಬರ, ಸಿಮೆಂಟು, ಸೋಪಿನ ಪುಡಿಯ ಜಾಹೀರಾತು ಬರೆದಿದ್ದೇನೆ. ಅದಕ್ಕಿಂತ ಹೆಚ್ಚಾಗಿ ಸರ್ಕಾರದ ಘೋಷಣೆಗಳನ್ನು ಬರೆದಿದ್ದೇನೆ: ಕುಟುಂಬ ಕಲ್ಯಾಣ, ಪೋಲಿಯೊ, ಸಾಕ್ಷರತೆ, ಶೌಚಾಲಯ. ಇಷ್ಟು ವರ್ಷದಲ್ಲಿ ನಾನು ಗಮನವಿಟ್ಟು ನೋಡುತ್ತ ಬಂದದ್ದು ಒಂದೇ ಸಂಗತಿ. ಕೆಲವು ಮಾತು ಬಣ್ಣ ಒಣಗುವ ಹೊತ್ತಿಗೇ ಮರೆತುಹೋಗುತ್ತವೆ. ಕೆಲವು ಮಾತ್ರ ಗೋಡೆ ಕೆಡವಿ ಹೊಸ ಮನೆ ಕಟ್ಟಿದ ಮೇಲೂ ಆ ಮನೆಯವರ ಬಾಯಲ್ಲಿ ಉಳಿದಿರುತ್ತವೆ.

ಹಾಗೆ ಉಳಿದ ಮಾತುಗಳಲ್ಲಿ ಮೊದಲನೆಯದು ‘ಆರತಿಗೊಬ್ಬಳು ಕೀರ್ತಿಗೊಬ್ಬ’. ಇವತ್ತಿಗೂ ಯಾರಿಗಾದರೂ ಒಂದು ಹೆಣ್ಣು ಒಂದು ಗಂಡು ಎಂದು ಗೊತ್ತಾದರೆ ಸಾಕು, ಕೇಳಿದವರು ತಕ್ಷಣ ‘ಮತ್ತೇನ್ರೀ, ಆರತಿಗೊಬ್ಬಳು ಕೀರ್ತಿಗೊಬ್ಬ’ ಅನ್ನುತ್ತಾರೆ. ಹಾಗೆ ಹೇಳುವ ಹುಡುಗರಿಗೆ ಅದು ಒಂದು ಕಾಲದಲ್ಲಿ ಆಸ್ಪತ್ರೆಯ ಗೋಡೆಯ ಮೇಲಿದ್ದ ಮಾತು ಎಂಬುದೇ ಗೊತ್ತಿಲ್ಲ. ಎರಡನೆಯದು ‘ನಾವಿಬ್ಬರು ನಮಗಿಬ್ಬರು’, ಮೂರನೆಯದು ‘ಚಿಕ್ಕ ಸಂಸಾರ ಚೊಕ್ಕ ಸಂಸಾರ’. ಶಾಲೆಯ ಗೋಡೆಗೆ ಬಂದರೆ ‘ಹೆಣ್ಣೊಂದು ಕಲಿತರೆ ಶಾಲೆಯೊಂದು ತೆರೆದಂತೆ’. ಅರಣ್ಯ ಇಲಾಖೆಯವರದು ‘ಮನೆಗೊಂದು ಮರ ಊರಿಗೊಂದು ವನ’, ‘ಹಸಿರೇ ಉಸಿರು’.

ಇವನ್ನೇ ಯಾಕೆ ಜನ ಹಿಡಿದುಕೊಂಡರು? ಬರೆಯುವಾಗ ಕೈಗೆ ಏನೋ ಒಂದು ತಿಳಿಯುತ್ತಿತ್ತು, ಆದರೆ ಹೇಳಲು ಬರುತ್ತಿರಲಿಲ್ಲ. ಒಂದು ಹೈಸ್ಕೂಲಿನ ಕಾಂಪೌಂಡಿಗೆ ಬರೆಯುತ್ತಿದ್ದಾಗ ಅಲ್ಲಿಯ ಕನ್ನಡ ಮೇಷ್ಟ್ರು ಹಿಂದೆ ನಿಂತು ನೋಡಿ, ‘ನೀವು ಬರೀತಿರೋದು ದ್ವಿತೀಯಾಕ್ಷರ ಪ್ರಾಸ ಕಣ್ರೀ’ ಅಂದರು. ಹಳಗನ್ನಡದ ಕವಿಗಳು ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ಇರುವಂತೆ ಪದ್ಯ ಕಟ್ಟುತ್ತಿದ್ದರಂತೆ. ಹೊಸಗನ್ನಡದ ಕವಿಗಳು ಆ ಕಟ್ಟನ್ನು ಬಿಟ್ಟರು, ಗಾದೆಗಳು ಬಿಡಲಿಲ್ಲ. ‘ಕೈ ಕೆಸರಾದರೆ ಬಾಯಿ ಮೊಸರು’: ಕೆಸರು, ಮೊಸರು. ‘ತಾಳಿದವನು ಬಾಳಿಯಾನು’: ತಾಳಿ, ಬಾಳಿ. ಮೇಷ್ಟ್ರು ಹೋದ ಮೇಲೆ ನಾನು ಬರೆದ ಘೋಷಣೆಗಳನ್ನೆಲ್ಲ ಒಂದೊಂದಾಗಿ ನೆನೆದು ನೋಡಿದೆ. ಚಿಕ್ಕ, ಚೊಕ್ಕ. ಹಸಿರು, ಉಸಿರು. ಕಾಡು, ನಾಡು. ಮನೆ, ವನ. ಹೆಚ್ಚಿನವುಗಳಲ್ಲಿ ಎರಡನೆಯ ಅಕ್ಷರವೇ ಗಂಟು ಹಾಕಿದೆ. ಆರತಿ, ಕೀರ್ತಿ ಬರಹದಲ್ಲಿ ಕೊಂಚ ಬೇರೆ ಕಾಣುತ್ತವೆ, ಆದರೆ ನಮ್ಮ ಕಡೆ ಹೆಂಗಸರು ‘ಆರ್ತಿ’ ಅಂತಲೇ ಅನ್ನುವುದು. ಅವರ ಬಾಯಲ್ಲಿ ಪ್ರಾಸ ಪೂರ್ತಿ ಕೂಡುತ್ತದೆ.

ಅಂದಿನಿಂದ ಯಾವುದೇ ಮಾತು ಕೈಗೆ ಬಂದರೂ ಬ್ರಷ್ ಎತ್ತುವ ಮೊದಲು ಒಂದು ಪರೀಕ್ಷೆ ಮಾಡುತ್ತೇನೆ. ಗೋಡೆಯ ಮನೆಯವರಿಗೆ ಅದನ್ನು ಒಂದೇ ಸಲ ಓದಿ ಹೇಳುತ್ತೇನೆ. ಹೆಚ್ಚಾಗಿ ಮನೆಯ ಅಜ್ಜಿಯೇ ಕೇಳುವುದು, ‘ತಮ್ಮಾ, ಏನ್ ಬರೀತೀಯೋ, ಓದಿ ಹೇಳು’ ಅಂತ. ಬೇರೆ ಕೆಲಸ ಮಾಡಿಕೊಂಡು, ಸ್ವಲ್ಪ ಹೊತ್ತು ಬಿಟ್ಟು, ‘ಏನ್ ಹೇಳಿದೆ ಅಮ್ಮಾ ಆಗ?’ ಎಂದು ಕೇಳುತ್ತೇನೆ. ಅಜ್ಜಿ ಮಾತನ್ನು ಹಾಗೇ ತಿರುಗಿ ಹೇಳಿದರೆ ಆ ಮಾತು ನಿಲ್ಲುತ್ತದೆ. ‘ಅದೇ, ಏನೋ ಗೊಬ್ಬರದ್ದು’ ಅಂದರೆ ನಿಲ್ಲುವುದಿಲ್ಲ. ಓದು ಬಾರದ ಮನೆಯಲ್ಲಿ ಈ ಪರೀಕ್ಷೆ ಇನ್ನೂ ನಿಖರ, ಅವರಿಗೆ ಕಿವಿಯೊಂದೇ ಆಧಾರ ನೋಡಿ.

ಇನ್ನು ಗೋಡೆಯ ಲೆಕ್ಕ. ಅರವತ್ತು ಕಿಲೋಮೀಟರ್ ವೇಗದಲ್ಲಿ ಹೋಗುವ ಬಸ್ಸು ಒಂದು ಸೆಕೆಂಡಿಗೆ ಹದಿನಾರು ಹದಿನೇಳು ಮೀಟರ್ ದಾಟಿಬಿಡುತ್ತದೆ. ಹೆದ್ದಾರಿ ಪಕ್ಕದ ಗೋಡೆ ಕಿಟಕಿಯಲ್ಲಿ ಕೂತವರಿಗೆ ಕಾಣುವುದು ನಾಲ್ಕೈದು ಸೆಕೆಂಡು. ಅಷ್ಟರಲ್ಲಿ ನಾಲ್ಕು ಪದ ಓದಬಹುದು, ಹೆಚ್ಚೆಂದರೆ ಐದು. ಒಮ್ಮೆ ಒಂದು ಬೀಜದ ಕಂಪನಿಯವರು ಮೂರು ಸಾಲಿನ ಮಾತು ಕಳಿಸಿದ್ದರು. ನಾನು ಆ ವೇಗದ ಲೆಕ್ಕ ಹೇಳಿ, ಕೊನೆಯ ನಾಲ್ಕು ಪದವನ್ನಷ್ಟೇ ದೊಡ್ಡದಾಗಿ ಬರೆಯೋಣ ಅಂದೆ. ಒಪ್ಪಿಕೊಂಡರು. ಬಸ್‌ಸ್ಟ್ಯಾಂಡಿನ ಎದುರಿನ ಗೋಡೆಗಾದರೆ ಈ ನಿಯಮ ಬೇಡ. ಅಲ್ಲಿ ಜನ ಬಸ್ಸಿಗೆ ಕಾಯುತ್ತ ಅರ್ಧ ಗಂಟೆ ನಿಂತಿರುತ್ತಾರೆ, ಬೆಳೆಗೆ ಎಷ್ಟು ಗೊಬ್ಬರ ಎಂಬ ಪಟ್ಟಿಯನ್ನೂ ಓದುತ್ತಾರೆ.

ಅಕ್ಷರದ ಎತ್ತರಕ್ಕೆ ಬೋರ್ಡ್ ಬರೆಯುವವರಲ್ಲಿ ಒಂದು ಅಳತೆ ಇದೆ: ಹತ್ತಡಿ ದೂರಕ್ಕೆ ಒಂದಿಂಚು. ರಸ್ತೆಯಿಂದ ಅರವತ್ತಡಿ ಒಳಗಿರುವ ಗೋಡೆಗೆ ಆರಿಂಚು. ಇಂಗ್ಲಿಷ್ ಅಕ್ಷರಕ್ಕೆ ಇದು ಸಾಕು. ಕನ್ನಡಕ್ಕೆ ನಾನು ಒಂದಡಿ ಹಿಡಿಯುತ್ತೇನೆ, ಯಾಕೆಂದರೆ ಒತ್ತಕ್ಷರ ಅರ್ಧ ಅಳತೆಯಲ್ಲಿ ಕೆಳಗೆ ಕೂರುತ್ತದೆ. ತಲೆಯಕ್ಷರ ಕಂಡು ಒತ್ತು ಕಾಣದಿದ್ದರೆ ಪದವೇ ಬೇರೆಯಾಗುತ್ತದೆ. ಹಾಗಾಗಿ ಒಂದು ಸಾಲಿಗೆ ನಾಲ್ಕು ಗೆರೆ ಹಾಕಿ ಮೂರು ಪಟ್ಟಿ ಮಾಡಿಕೊಳ್ಳುತ್ತೇನೆ: ಮೇಲೆ ಗುಡಿಸು, ದೀರ್ಘಕ್ಕೆ ಜಾಗ, ನಡುವೆ ಅಕ್ಷರ, ಕೆಳಗೆ ಒತ್ತಿಗೆ. ‘ಸ್ತ್ರೀ’ ಎಂಬ ಒಂದು ಪದ ಇದ್ದರೂ ಕೆಳಗಿನ ಪಟ್ಟಿಯನ್ನು ಇಮ್ಮಡಿ ಮಾಡಬೇಕು. ‘ನಾವಿಬ್ಬರು ನಮಗಿಬ್ಬರು’ ಬರೆಯಲು ಎಷ್ಟು ಹಿತ ಗೊತ್ತೇ? ಎರಡೂ ಪದದಲ್ಲಿ ಒಂದೇ ಬ್ಬ. ಬಲತುದಿ ಸರಿಹೊಂದಿಸಿ ಒಂದರ ಕೆಳಗೆ ಒಂದು ಬರೆದರೆ ಒತ್ತುಗಳು ನೆಟ್ಟಗೆ ಒಂದೇ ಸಾಲಿಗೆ ಬೀಳುತ್ತವೆ, ಓದುವ ಮೊದಲೇ ಕಣ್ಣಿಗೆ ಜೋಡಿ ಕಾಣುತ್ತದೆ.

ಹಳೆ ಗೋಡೆಯಾದರೆ ಮೊದಲು ಕೆರೆಯಬೇಕು. ಸುಣ್ಣಕ್ಕೆ ಸ್ವಲ್ಪ ಫೆವಿಕಾಲ್ ಬೆರೆಸಿ ಎರಡು ಕೋಟ್ ಕೊಡಬೇಕು, ಇಲ್ಲದಿದ್ದರೆ ಕೈ ಸವರಿದರೆ ಪುಡಿ ಬರುತ್ತದೆ. ಒಣಗಿದ ಮೇಲೆ ದಾರಕ್ಕೆ ನೀಲಿ ಪುಡಿ ಹಚ್ಚಿ, ಎರಡು ತುದಿ ಹಿಡಿದು ಮಿಡಿದರೆ ಗೆರೆ ಬೀಳುತ್ತದೆ. ಬಣ್ಣದಲ್ಲಿ ಕಡುಗೆಂಪು ಬೇಗ ಮಾಸುತ್ತದೆ, ಪಡುವಣಕ್ಕೆ ಮುಖ ಮಾಡಿದ ಗೋಡೆಯಲ್ಲಂತೂ ಇನ್ನೂ ಬೇಗ. ಕಪ್ಪು, ರೆಡ್ ಆಕ್ಸೈಡ್ ಬಾಳಿಕೆ ಬರುತ್ತವೆ. ಕುಟುಂಬ ಕಲ್ಯಾಣದ ಗೋಡೆಗಳಲ್ಲಿ ಕೆಂಪು ತ್ರಿಕೋನ ಬಿಳಿಚಿಕೊಂಡರೂ ಕಪ್ಪು ಅಕ್ಷರ ಹಾಗೇ ಇರುತ್ತಿದ್ದದ್ದು ಇದರಿಂದಲೇ.

ಆ ತ್ರಿಕೋನದ ವಿಷಯ ಇಲ್ಲಿ ಹೇಳಲೇಬೇಕು. ತಲೆಕೆಳಗಾದ ಆ ಕೆಂಪು ಗುರುತನ್ನು 1960ರ ದಶಕದಲ್ಲಿ ರೂಪಿಸಿದವರು ಕೇಂದ್ರದ ಕುಟುಂಬ ಯೋಜನೆ ಇಲಾಖೆಯಲ್ಲಿದ್ದ ದೀಪ್ ತ್ಯಾಗಿ. ಜೊತೆಗೆ ಅಪ್ಪ, ಅಮ್ಮ, ಇಬ್ಬರು ಮಕ್ಕಳ ನಾಲ್ಕು ಮುಖ, ‘ಎರಡು ಅಥವಾ ಮೂರು ಮಕ್ಕಳು ಸಾಕು’ ಎಂಬ ಅರ್ಥದ ಮಾತು. ಓದು ಬಾರದವರಿಗೂ ತಿಳಿಯಬೇಕು, ಯಾವ ಪೇಂಟರ್ ಬೇಕಾದರೂ ಬರೆಯಲು ಬರಬೇಕು, ಅಷ್ಟು ಸರಳ. ತ್ರಿಕೋನ ಬರೆಯಲು ಮೂರು ಮೊಳೆ, ಒಂದು ದಾರ ಸಾಕು. ದೇಶದ ಮೂಲೆಮೂಲೆಯಲ್ಲೂ ಅದು ಒಂದೇ ರೀತಿ ಕಂಡಿತು. 1968ರಲ್ಲಿ ಬಂದ ಸರ್ಕಾರದ ಕಾಂಡೋಮ್ ‘ನಿರೋಧ್’ ಕೂಡ ಇದೇ ಹಾದಿಯದು. ಮೂರಕ್ಕೆ ಹದಿನೈದು ಪೈಸೆ, ಚಹಾ ಸೋಪು ಮಾರುವ ಕಂಪನಿಗಳ ಜಾಲದಲ್ಲೇ ಹಳ್ಳಿಯ ಕಿರಾಣಿ ಅಂಗಡಿಗೆ ಬಂತು. ಆ ಹೆಸರು ಎಷ್ಟು ಬೇರೂರಿತೆಂದರೆ ಯಾವ ಕಂಪನಿಯ ಕಾಂಡೋಮಿಗೂ ನಮ್ಮ ಜನ ನಿರೋಧ್ ಎಂದೇ ಹೇಳಿದರು.

ಈ ವಿಚಾರದಲ್ಲಿ ನಮ್ಮ ನಾಡಿಗೆ ಇನ್ನೂ ಹಳೆಯ ಹೆಜ್ಜೆ ಇದೆ. 1930ರಲ್ಲೇ ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಆದೇಶ ಮಾಡಿತ್ತು. ಭಾರತ ಸರ್ಕಾರದ ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದು 1952ರಲ್ಲಿ.

ತುರ್ತುಪರಿಸ್ಥಿತಿಯ ಕಾಲದಲ್ಲಿ ಇದೇ ಮಾತುಗಳು ಹೆದರಿಕೆಯ ಮಾತುಗಳಾದವು. ಆಗ ಬರೆಯುತ್ತಿದ್ದವರು ನನ್ನ ಗುರುಗಳು. ತ್ರಿಕೋನ ಬರೆಯಲು ಏಣಿ ಇಟ್ಟರೆ ಮನೆಯವರು ಬಾಗಿಲು ಹಾಕಿಕೊಳ್ಳುತ್ತಿದ್ದರು, ಗೋಡೆ ಕೊಟ್ಟರೆ ಮುಂದೆ ತಮ್ಮನ್ನೇ ಆಪರೇಷನ್ನಿಗೆ ಕರೆದೊಯ್ಯುತ್ತಾರೆಂಬ ಭಯ ಅವರಿಗೆ, ಎಂದು ಗುರುಗಳು ಹೇಳುತ್ತಿದ್ದರು. 1977ರಲ್ಲಿ ಸರ್ಕಾರ ಬದಲಾದ ಮೇಲೆ ‘ಕುಟುಂಬ ಯೋಜನೆ’ ಹೋಗಿ ‘ಕುಟುಂಬ ಕಲ್ಯಾಣ’ ಬಂತು. ಎಷ್ಟು ಒಳ್ಳೆಯ ಮಾತಾದರೂ ಅದರ ಹಿಂದೆ ಬಲವಂತ ನಿಂತರೆ ಜನ ಮಾತನ್ನೇ ದ್ವೇಷಿಸುತ್ತಾರೆ. ಹಳದಿ, ಬಿಳಿ, ಯಾವ ಬಣ್ಣ ಬಳಿದರೂ ಆ ಕಲೆ ಹೋಗಲು ಬಹಳ ವರ್ಷ ಬೇಕಾಯಿತು.

ಮತ್ತೆ ಆರತಿ ಕೀರ್ತಿಗೆ ಬರುತ್ತೇನೆ, ಯಾಕೆಂದರೆ ಅದನ್ನು ಮೆಚ್ಚುತ್ತಲೇ ನನಗೆ ಒಳಗೊಂದು ಸಂಕಟ ಇದೆ. ಆ ಮಾತಿನಲ್ಲಿ ಮಗಳಿಗೆ ಒಂದು ಜಾಗ ಇದೆ ನಿಜ. ಹೆಣ್ಣೂ ಬೇಕು ಎಂದು ಗೋಡೆಯ ಮೇಲೆ ದೊಡ್ಡದಾಗಿ ಹೇಳಿದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ. ಆದರೆ ಆರತಿ ಬೆಳಗುವುದು ಮಗಳು, ಕೀರ್ತಿ ತರುವುದು ಮಗ ಎಂದು ಪಾಲು ಮಾಡಿಟ್ಟದ್ದೂ ಅದೇ. ಗಂಡು ಇಲ್ಲದಿದ್ದರೆ ಲೆಕ್ಕ ಪೂರ್ತಿಯಾಗದು ಎಂಬ ಒಪ್ಪಿಗೆ ಅದರೊಳಗೆ ಕೂತಿದೆ. ಕರ್ನಾಟಕದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 1991ರಲ್ಲಿ 960 ಹೆಣ್ಣುಮಕ್ಕಳಿದ್ದರು, 2001ರಲ್ಲಿ 946, 2011ರಲ್ಲಿ 948. ಇದಕ್ಕೆ ಒಂದು ಘೋಷಣೆ ಕಾರಣ ಎಂದು ನಾನು ಹೇಳುವುದಿಲ್ಲ, ಸ್ಕ್ಯಾನಿಂಗ್ ಯಂತ್ರ, ವರದಕ್ಷಿಣೆ, ಆಸ್ತಿ ಎಲ್ಲ ಇವೆ. ಆದರೆ ಎರಡೇ ಮಕ್ಕಳು, ಅದರಲ್ಲೊಂದು ಗಂಡು ಎಂಬ ಆಸೆಗೆ ಇಷ್ಟು ಚಂದದ ಮಾತನ್ನು ನಾವೇ ಬರೆದುಕೊಟ್ಟೆವು ಎಂಬುದು ನನ್ನನ್ನು ಬಿಡುವುದಿಲ್ಲ. ಈಗ ಯಾರಾದರೂ ಆ ಸಾಲು ಬರೆಯಿರಿ ಎಂದರೆ ನಾನು ‘ಹೆಣ್ಣೊಂದು ಕಲಿತರೆ’ ಬರೆಯೋಣ ಎನ್ನುತ್ತೇನೆ.

ಆ ಸಾಲಿನ ಮೇಲೆ ನನಗೆ ಪ್ರೀತಿ ಜಾಸ್ತಿ. ಅದರಲ್ಲಿ ಎರಡನೆಯ ಅಕ್ಷರದ ಗಂಟಿಲ್ಲ. ಹೆಣ್ಣೊಂದು, ಶಾಲೆಯೊಂದು, ಕಲಿತರೆ, ತೆರೆದಂತೆ. ಎರಡು ಎತ್ತು ಒಂದೇ ಹೆಜ್ಜೆ ಹಾಕಿದ ಹಾಗೆ ನಡೆಯುತ್ತದೆ. 2015ರಲ್ಲಿ ‘ಬೇಟಿ ಬಚಾವೋ ಬೇಟಿ ಪಢಾವೋ’ (ಮಗಳನ್ನು ಉಳಿಸಿ, ಮಗಳನ್ನು ಓದಿಸಿ) ಎಂಬ ಹಿಂದಿ ಘೋಷಣೆ ಬಂದಾಗ ಅದನ್ನು ಹಾಗೇ ಕನ್ನಡ ಲಿಪಿಯಲ್ಲಿ ಬರೆಯಬೇಕಾಯಿತು. ಯೋಜನೆಯ ಉದ್ದೇಶಕ್ಕೆ ನನ್ನ ಪೂರ್ಣ ಗೌರವ ಇದೆ. ಆದರೆ ಅಜ್ಜಿಯ ಪರೀಕ್ಷೆಯಲ್ಲಿ ಆ ಮಾತು ಒಮ್ಮೆಯೂ ಪಾಸಾಗಲಿಲ್ಲ. ಅಲ್ಲೇ ಕೆಳಗೆ ‘ಹೆಣ್ಣೊಂದು ಕಲಿತರೆ’ ಬರೆದಾಗ ಮಾತ್ರ ಹುಡುಗಿಯರು ನಿಂತು ಜೋರಾಗಿ ಓದಿದರು.

ಕರ್ನಾಟಕದಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ 1.7 ಮಕ್ಕಳು ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ‘ನಮಗಿಬ್ಬರು’ ಎಂದದ್ದಕ್ಕಿಂತಲೂ ಕಡಿಮೆ. ಹುಡುಗಿಯರು ಓದಿದರು, ಮದುವೆ ತಡವಾಯಿತು, ಹುಟ್ಟಿದ ಮಕ್ಕಳು ಬದುಕಿ ಉಳಿದರು. ಗೋಡೆಯ ಮಾತಿಗೆ ಇದರಲ್ಲಿ ಎಷ್ಟು ಪಾಲು ಎಂದು ಯಾರೂ ಅಳೆಯಲಾಗದು. ಅತ್ತೆಯ ಮುಂದೆ ಬಾಯಿ ಬಿಡಲು ಸಂಕೋಚಪಡುತ್ತಿದ್ದ ಸೊಸೆಗೆ ‘ನಾವಿಬ್ಬರು ನಮಗಿಬ್ಬರು ಅಂತ ಸರ್ಕಾರವೇ ಹೇಳೈತಲ್ಲ’ ಎನ್ನಲು ಒಂದು ಆಸರೆ ಸಿಕ್ಕಿದ್ದನ್ನು ಮಾತ್ರ ನಾನು ಹಲವು ಮನೆಗಳಲ್ಲಿ ಕೇಳಿದ್ದೇನೆ.

ಪೋಲಿಯೊದ್ದು ಇನ್ನೊಂದು ಬಗೆ. 1995ರಲ್ಲಿ ಪಲ್ಸ್ ಪೋಲಿಯೊ ಶುರುವಾದಾಗಿನಿಂದ ನಾವು ಬರೆದದ್ದರಲ್ಲಿ ಜನರ ತಲೆಗೆ ಹೋದದ್ದು ‘ಎರಡು ಹನಿ’ ಎಂಬ ಎರಡೇ ಪದ. ಪ್ರಾಸವಿಲ್ಲ, ಏನೂ ಇಲ್ಲ. ಆದರೆ ಏನು ಮಾಡಬೇಕು, ಎಷ್ಟು ಮಾಡಬೇಕು ಎಂಬುದು ಅಷ್ಟರಲ್ಲೇ ಇತ್ತು. ಪೋಲಿಯೊ ಭಾನುವಾರವನ್ನು ನಮ್ಮೂರಲ್ಲಿ ‘ಎರಡು ಹನಿ ದಿನ’ ಅಂತಲೇ ಕರೆಯುತ್ತಿದ್ದರು. 2011ರ ನಂತರ ದೇಶದಲ್ಲಿ ಆ ರೋಗದ ಮೂಲ ವೈರಸ್ ಕಾಣಲಿಲ್ಲ, 2014ರ ಮಾರ್ಚಿನಲ್ಲಿ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಬಂತು.

ಕಂಪನಿಗಳ ಕೆಲಸದ ಬಗ್ಗೆ ಹೆಚ್ಚು ಹೇಳಲಾರೆ. ಅಹಮದಾಬಾದಿನಲ್ಲಿ 1969ರಲ್ಲಿ ಹುಟ್ಟಿದ ನಿರ್ಮಾ ಸೋಪಿನ ಪುಡಿ ಹಳ್ಳಿಹಳ್ಳಿಗೆ ಬಂದದ್ದು ರೇಡಿಯೊ, ಟಿವಿಯ ಜಾಹೀರಾತಿನ ರಾಗದಿಂದ. ಗೋಡೆಯ ಮೇಲೆ ಹೆಸರು ಕಂಡರೆ ಮಕ್ಕಳು ರಾಗ ತಾವೇ ಹಾಕಿಕೊಳ್ಳುತ್ತಿದ್ದರು, ನಮಗೆ ಕೆಲಸ ಹಗುರ. ಬೀಡಿಯ ಗೋಡೆಗಳು ಒಂದು ಕಾಲಕ್ಕೆ ನಮ್ಮ ಹೊಟ್ಟೆ ಹೊರೆದವು. 2003ರ ಕಾಯ್ದೆಯಿಂದ ತಂಬಾಕಿನ ಜಾಹೀರಾತು ನಿಂತಿತು. ಆದಾಯ ಕಡಿಮೆಯಾಯಿತು, ಆದರೂ ನಿಂತದ್ದು ಸರಿಯೇ. ಆಮೇಲೆ ಫ್ಲೆಕ್ಸ್ ಬಂತು. ಒಂದು ರಾತ್ರಿಯಲ್ಲಿ ಪ್ರಿಂಟ್ ಆಗಿ ಬೆಳಗ್ಗೆ ಕಂಬಕ್ಕೆ ಕಟ್ಟುವ ಅದರೆದುರು ಬ್ರಷ್ ಸೋತಿತು, ಎಷ್ಟೋ ಜನ ಕಸುಬು ಬಿಟ್ಟರು. 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ನಿಷೇಧಿಸಿದಾಗ ಫ್ಲೆಕ್ಸ್ ಕೂಡ ಆ ಪಟ್ಟಿಯಲ್ಲಿತ್ತು, ಪಂಚಾಯ್ತಿಗಳು ಮತ್ತೆ ಗೋಡೆಯ ಕಡೆ ನೋಡಿದವು.

ಈಗ ಹೆಚ್ಚಾಗಿ ಕಸದ ಗೋಡೆ ಬರೆಯುತ್ತಿದ್ದೇನೆ. ಹಸಿ ಕಸಕ್ಕೆ ಹಸಿರು ಬುಟ್ಟಿ, ಒಣ ಕಸಕ್ಕೆ ನೀಲಿ ಬುಟ್ಟಿ ಎಂದು ಗೊತ್ತು ಮಾಡಿದ್ದಾರೆ. ಮೊದಲರ್ಧ ತಾನಾಗಿಯೇ ಬಂತು: ‘ಹಸಿ ಕಸ ಹಸಿರಿಗೆ’. ಮೂರು ಪದದಲ್ಲೂ ಎರಡನೆಯ ಅಕ್ಷರ ಸಕಾರ, ಇನ್ನೇನು ಬೇಕು? ‘ಒಣ ಕಸ ನೀಲಿಗೆ’ ಮಾತ್ರ ಕೂಡಲಿಲ್ಲ. ನೀಲಿಗೆ ಜೋಡಿ ಹುಡುಕಿ ಹುಡುಕಿ ‘ಖಾಲಿ’ ಸಿಕ್ಕಿತು. ‘ಹಸಿ ಕಸ ಹಸಿರಿಗೆ, ಖಾಲಿ ಡಬ್ಬಿ ನೀಲಿಗೆ’ ಎಂದು ಬರೆದು ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಮೇಡಂ ಮುಂದಿಟ್ಟೆ. ‘ಒಣ ಕಸ ಅಂದ್ರೆ ಡಬ್ಬಿ ಅಷ್ಟೇ ಅಲ್ವಲ್ಲ ಅಣ್ಣ, ಪೇಪರು, ಕವರು, ರಟ್ಟು?’ ಎಂದು ಕೇಳಿದರು. ನ್ಯಾಯವಾದ ಮಾತು. ಸಾಲು ಹಾಗೇ ಇರಲಿ, ನೀಲಿ ಬುಟ್ಟಿಯ ಚಿತ್ರದೊಳಗೆ ಪೇಪರು, ಕವರು, ರಟ್ಟು, ಬಾಟಲಿ ಎಲ್ಲ ಬರೆಯುತ್ತೇನೆ, ಕಿವಿಗೆ ಮಾತು ಕಣ್ಣಿಗೆ ಚಿತ್ರ ಅಂದೆ. ಮೇಡಂ ಕಸದ ಗಾಡಿ ಓಡಿಸುವ ಹೆಣ್ಣುಮಗಳನ್ನು ಕರೆದು ಸಾಲು ಒಂದು ಸಲ ಓದಿದರು. ಗಾಡಿಯ ಮೈಕಿನಲ್ಲಿ ಇದನ್ನೇ ಹೇಳಬಹುದಾ ಎಂದು ಆಕೆಯೇ ಕೇಳಿದಳು. ಮೇಡಂ ಒಪ್ಪಿಗೆ ಕೊಟ್ಟರು. ಪಂಚಾಯ್ತಿ ಕಟ್ಟಡದ ರಸ್ತೆ ಕಡೆಯ ಗೋಡೆಗೆ ಎರಡು ಕೋಟ್ ಸುಣ್ಣ ಆಗಿದೆ, ಅಕ್ಷರ ಒಂದಡಿ ಎತ್ತರ.